ಬಂದರಿನ ಸರ್ವರ್‌ನಲ್ಲಿ ರ್ಯಾಮ್ ತಿನ್ನುತ್ತಿದ್ದದ್ದು ಯಾರು?

ಮಂಗಳೂರಿನ ಬಂದರಿನಲ್ಲಿರುವ ಒಂದು ಅಡಿಕೆ ಅಂಗಡಿಯ ಸರ್ವರ್ ನಾನು ನೋಡಿಕೊಳ್ಳುತ್ತೇನೆ. ಉಬುಂಟು (ಒಂದು ಬಗೆಯ ಲಿನಕ್ಸ್) ಸರ್ವರ್, 8 ಜಿಬಿ ರ್ಯಾಮ್, ಬಿಲ್ಲಿಂಗ್‌ಗೆ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್. ಮಳೆಗಾಲ ಮುಗಿದ ಮೇಲೆ ಅಲ್ಲಿಂದ ಒಂದೇ ದೂರು. ಬಿಲ್ ಪ್ರಿಂಟ್ ಕೊಟ್ಟರೆ ಚಕ್ರ ತಿರುಗುತ್ತಲೇ ಇರುತ್ತದೆ, ಕೆಲವೊಮ್ಮೆ ಡೇಟಾಬೇಸೇ ಬಿದ್ದುಹೋಗುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿ. ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಕಥೆ.

"ರ್ಯಾಮ್ ಫುಲ್ ಉಂಟಂತೆ ಮಾರಾಯ್ರೆ, ಇನ್ನೊಂದು ಹಾಕಿಸುವನಾ?" ಅಂತ ಧನಿಗಳು ಕೇಳಿದರು. ಅವರ ಮಗ ಮೆಮೊರಿಯ ಲೆಕ್ಕ ತೋರಿಸುವ 'ಫ್ರೀ -ಎಚ್' ಕಮಾಂಡ್ ಹೊಡೆದು, ಫ್ರೀ ಕಾಲಂನಲ್ಲಿ 160 ಎಂಬಿ ಅಂತ ಇದ್ದದ್ದನ್ನು ನೋಡಿದ್ದ.

ಆ ಕಾಲಂ ನೋಡಿ ಹೆದರುವವರೇ ಜಾಸ್ತಿ. ಲಿನಕ್ಸ್ ಖಾಲಿ ಬಿದ್ದ ರ್ಯಾಮನ್ನು ಸುಮ್ನೆ ಬಿಡುವುದಿಲ್ಲ. ಡಿಸ್ಕಿನಿಂದ ಓದಿದ ಫೈಲುಗಳನ್ನೆಲ್ಲ ಅಲ್ಲಿ ಇಟ್ಟುಕೊಳ್ಳುತ್ತದೆ. ಅದೇ ಬಫ್/ಕ್ಯಾಶ್. ಯಾರಾದರೂ ಜಾಗ ಕೇಳಿದರೆ ತಕ್ಷಣ ಬಿಟ್ಟುಕೊಡುತ್ತದೆ. "ಸೀಸನ್‌ನಲ್ಲಿ ನಿಮ್ಮ ಗೋದಾಮು ಖಾಲಿ ಇದ್ದರೆ ಒಳ್ಳೆಯದಾ, ತುಂಬಿದ್ದರೆ ಒಳ್ಳೆಯದಾ?" ಅಂದೆ. ಧನಿಗಳಿಗೆ ಅಷ್ಟು ಸಾಕಾಯಿತು.

ನೋಡಬೇಕಾದ್ದು ಕೊನೆಯ ಕಾಲಂ, ಅವೈಲಬಲ್. ಹೊಸ ಪ್ರೋಗ್ರಾಂಗಳಿಗೆ, ಸ್ವಾಪ್ (ರ್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಮುಟ್ಟದೆ, ಎಷ್ಟು ಸಿಗಬಹುದು ಎನ್ನುವ ಕರ್ನಲ್‌ನ, ಅಂದರೆ ಲಿನಕ್ಸಿನ ತಿರುಳಿನ, ಅಂದಾಜು ಅದು. 2014ರಲ್ಲಿ ಬಂದ 3.14 ಕರ್ನಲ್‌ನಿಂದ ಇದು ಮೆಮೊರಿಯ ಲೆಕ್ಕವಿರುವ ಪ್ರಾಕ್ ಮೆಮ್‌ಇನ್ಫೋ ಫೈಲಿನಲ್ಲಿ ಸಿಗುತ್ತದೆ. ಅದಕ್ಕೂ ಮೊದಲು ಫ್ರೀ ಮತ್ತು ಕ್ಯಾಶ್ ಎರಡನ್ನೂ ಕೂಡಿಸಿ ಊಹಿಸುತ್ತಿದ್ದರು. ಆ ಲೆಕ್ಕ ಎಷ್ಟು ಕೈಕೊಡುತ್ತದೆ ಅಂತ ಈ ಅಂಗಡಿಯಲ್ಲೇ ಗೊತ್ತಾಯಿತು. ಒಟ್ಟು 7.7 ಜಿಬಿ, ಯೂಸ್ಡ್ 3.9, ಬಫ್/ಕ್ಯಾಶ್ 3.6. ಕ್ಯಾಶ್ ಅಷ್ಟಿದೆಯಲ್ಲ, ಧಾರಾಳ ಜಾಗ ಉಂಟು ಅನಿಸುತ್ತದೆ. ಆದರೆ ಅವೈಲಬಲ್ ಬರೀ 420 ಎಂಬಿ. ಅಂದರೆ ಮಗನ ಭಯ ಸರಿ, ನೋಡಿದ ಕಾಲಂ ಮಾತ್ರ ಬೇರೆ.

ಕೊರತೆ ನಿಜವೋ ಅಂತ ಖಚಿತ ಮಾಡಿಕೊಳ್ಳಲು 'ವಿಎಂಸ್ಟ್ಯಾಟ್ 1' ಓಡಿಸಿದೆ. ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಸಾಲು ಬೂಟ್ ಆದಾಗಿನಿಂದ ಇರುವ ಸರಾಸರಿ, ಅದನ್ನು ಬಿಟ್ಟುಬಿಡಿ. ಎಸ್‌ಐ (ಸ್ವಾಪ್‌ನಿಂದ ರ್ಯಾಮಿಗೆ ಬಂದದ್ದು), ಎಸ್‌ಒ (ರ್ಯಾಮಿನಿಂದ ಸ್ವಾಪ್‌ಗೆ ಹೋದದ್ದು) ಎಂಬ ಎರಡು ಕಾಲಂಗಳು ಸೊನ್ನೆಯಲ್ಲಿದ್ದರೆ ತೊಂದರೆಯಿಲ್ಲ. ಸ್ವಾಪ್‌ನಲ್ಲಿ ಹಳೆಯದು ಸ್ವಲ್ಪ ಕೂತಿದ್ದರೂ ಚಿಂತೆಯಿಲ್ಲ. ಇಲ್ಲಿ ಎರಡೂ ಕಡೆ ನೂರು, ಸಾವಿರ ಅಂತ ಕುಣಿಯುತ್ತಿದ್ದವು. ಕರ್ನಲ್‌ನ ಸಂದೇಶಗಳನ್ನು ತೋರಿಸುವ 'ಡಿಮೆಸೇಜ್ -ಟಿ' ಕೊಟ್ಟರೆ 'ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್' ಎಂಬ ಸಾಲಿನಲ್ಲಿ ಮೈಎಸ್‌ಕ್ಯೂಎಲ್‌ನ ಹೆಸರು. ಡೇಟಾಬೇಸ್ ತಾನಾಗಿ ಬಿದ್ದದ್ದಲ್ಲ, ಕರ್ನಲ್ಲೇ ಕೊಂದದ್ದು.

ಹಾಗಂತ ಕಳ್ಳ ಮೈಎಸ್‌ಕ್ಯೂಎಲ್ಲೇ ಅಂತ ಹೇಳಲು ಬರುವುದಿಲ್ಲ. ಮೆಮೊರಿ ಮುಗಿದಾಗ ಹೀಗೆ ಕೊಲ್ಲುವ ಕರ್ನಲ್‌ನ ಓಓಎಂ ಕಿಲ್ಲರ್ ಸಾಮಾನ್ಯವಾಗಿ ಜಾಸ್ತಿ ಮೆಮೊರಿ ಹಿಡಿದವನನ್ನು ಹೊಡೆಯುತ್ತದೆ, ತಪ್ಪು ಯಾರದ್ದು ಅಂತ ನೋಡುವುದಿಲ್ಲ.

ಓಡುತ್ತಿರುವ ಪ್ರೊಸೆಸ್‌ಗಳ 'ಪಿಎಸ್' ಪಟ್ಟಿಯಲ್ಲಿ ಪಿಎಚ್‌ಪಿ ವರ್ಕರ್‌ಗಳು ತಲಾ 110 ಎಂಬಿ ತೋರಿಸುತ್ತಿದ್ದವು. ಮೂವತ್ತು ವರ್ಕರ್, ಕೂಡಿದರೆ 3.3 ಜಿಬಿ. ಈ ಲೆಕ್ಕವನ್ನೂ ನಂಬಬೇಡಿ. ಅಲ್ಲಿ ಕಾಣುವುದು ಆರ್‌ಎಸ್‌ಎಸ್ ಎಂಬ ಲೆಕ್ಕ, ಅದರಲ್ಲಿ ಹಂಚಿಕೊಂಡ ಮೆಮೊರಿಯನ್ನು ಪ್ರತಿಯೊಬ್ಬರ ಖಾತೆಗೂ ಪೂರ್ತಿ ಬರೆಯುತ್ತಾರೆ. ಪಿಎಸ್‌ಎಸ್ ಎಂಬ ಇನ್ನೊಂದು ಲೆಕ್ಕದಲ್ಲಿ ಪಾಲು ಹಾಕಿ ಬರೆಯುತ್ತಾರೆ. ಅದನ್ನು ತೋರಿಸುವ 'ಎಸ್‌ಮೆಮ್' ಹಾಕಿಕೊಂಡು ನೋಡಿದೆ. ವರ್ಕರ್‌ಗಳೆಲ್ಲ ಸೇರಿ 1 ಜಿಬಿಯ ಆಸುಪಾಸು, ಅಷ್ಟೇ.

ಹಾಗಾದರೆ ಉಳಿದದ್ದು ಎಲ್ಲಿ? ಮತ್ತೆ ಫ್ರೀ ಕಮಾಂಡಿಗೆ ಬಂದೆ. ಯಾರೂ ಓದದ ಒಂದು ಕಾಲಂ ಅದರಲ್ಲಿದೆ, ಶೇರ್ಡ್. ಅಲ್ಲಿ 3.1 ಜಿಬಿ! ಇದು ಬಫ್/ಕ್ಯಾಶ್‌ನೊಳಗೇ ಸೇರಿಕೊಂಡಿರುತ್ತದೆ, ಆದರೆ ಕ್ಯಾಶ್‌ನ ಹಾಗೆ ಕೇಳಿದಾಗ ಬಿಟ್ಟುಕೊಡುವ ಜಾಗವಲ್ಲ. ಹೆಚ್ಚೆಂದರೆ ಸ್ವಾಪ್‌ಗೆ ತಳ್ಳಬಹುದು. ಎಲ್ಲಿ ಎಷ್ಟು ಜಾಗ ತುಂಬಿದೆ ಅಂತ ತೋರಿಸುವ 'ಡಿಎಫ್ -ಎಚ್' ಹೊಡೆದ ಕೂಡಲೇ ಸಿಕ್ಕಿಬಿತ್ತು. ಡೆವ್ ಎಸ್‌ಎಚ್‌ಎಂ ಫೋಲ್ಡರ್ ಮುಕ್ಕಾಲು ತುಂಬಿದೆ. ಒಳಗೆ ದಿನಕ್ಕೊಂದರಂತೆ ಡೇಟಾಬೇಸ್ ಬ್ಯಾಕಪ್ ಫೈಲುಗಳು, ಸಾಲಾಗಿ.

ಮೊದಲು ಸೆಟಪ್ ಮಾಡಿದವರು ಬ್ಯಾಕಪ್ ಬೇಗ ಆಗಲಿ ಅಂತ ಡಂಪನ್ನು (ಡೇಟಾಬೇಸಿನ ಪೂರ್ತಿ ಪ್ರತಿ) ಅಲ್ಲಿ ತೆಗೆದು, ನಂತರ ಬೇರೆ ಡಿಸ್ಕಿಗೆ ಕಾಪಿ ಮಾಡುತ್ತಿದ್ದರು. ಅಳಿಸುವ ಸಾಲು ಸ್ಕ್ರಿಪ್ಟಿನಲ್ಲಿ ಇರಲೇ ಇಲ್ಲ. ಆ ಫೋಲ್ಡರ್ ನೋಡಲು ಡಿಸ್ಕಿನ ಹಾಗೆ, ಇರುವುದು ರ್ಯಾಮ್‌ನಲ್ಲಿ. ಬೇರೆ ಹೇಳದಿದ್ದರೆ ಅದು ಅರ್ಧ ರ್ಯಾಮಿನವರೆಗೂ ಬೆಳೆಯಬಹುದು. ಯಾವ ಪ್ರೊಸೆಸ್ ಹೆಸರಿನಲ್ಲೂ ಇಲ್ಲದ ಕಾರಣ ಟಾಪ್, ಎಚ್‌ಟಾಪ್ ತೋರಿಸುವ ಪ್ರೊಸೆಸ್‌ಗಳ ಪಟ್ಟಿಯಲ್ಲಿ ಇದರ ಸುಳಿವು ಸಿಗುವುದಿಲ್ಲ.

ಮಳೆಗಾಲದಲ್ಲಿ ಯಾಕೆ ದೂರಿರಲಿಲ್ಲ ಅಂತಲೂ ಆಗ ಅರ್ಥವಾಯಿತು. ನಮ್ಮ ಕರಾವಳಿಯ ಮಳೆಗೆ ಕರೆಂಟ್ ಹೋಗುವುದು ಹೊಸತಲ್ಲ, ಅಲ್ವಾ? ಅಂಗಡಿಯ ಯುಪಿಎಸ್ ಬ್ಯಾಟರಿಯೂ ಮುದಿಯಾಗಿತ್ತು. ಸರ್ವರ್ ಆಗಾಗ ಆಫ್ ಆಗುತ್ತಿತ್ತು, ಆ ಫೋಲ್ಡರ್ ತಾನಾಗಿ ಖಾಲಿಯಾಗುತ್ತಿತ್ತು. ಅಕ್ಟೋಬರ್ ಕಳೆದ ಮೇಲೆ ಕರೆಂಟ್ ನೆಟ್ಟಗಾಯಿತು, ಫೈಲುಗಳು ಪೇರಿಸಿಕೊಳ್ಳತೊಡಗಿದವು.

ಆ ಫೈಲುಗಳ ಕಾಪಿ ಬೇರೆ ಡಿಸ್ಕಿನಲ್ಲಿರುವುದನ್ನು ನೋಡಿಕೊಂಡು ಎಲ್ಲವನ್ನೂ ಅಳಿಸಿದೆ. ಅವೈಲಬಲ್ 3 ಜಿಬಿ ದಾಟಿತು. ಸ್ಕ್ರಿಪ್ಟನ್ನು ತಿದ್ದಿ, ಡಂಪ್ ಜಿಜಿಪ್ ಆಗಿ (ಕುಗ್ಗಿಸಿದ ಫೈಲಾಗಿ) ನೇರ ಡಿಸ್ಕಿಗೆ ಹೋಗುವ ಹಾಗೆ ಮಾಡಿದೆ. ಅದಕ್ಕೆ ಸ್ವಲ್ಪ ಹೊತ್ತು ಜಾಸ್ತಿ ಬೇಕು, ರಾತ್ರಿ ಎರಡು ಗಂಟೆಗೆ ಯಾರೂ ಬಿಲ್ ಮಾಡುವುದಿಲ್ಲವಲ್ಲ. ಜೊತೆಗೆ ಹೊತ್ತು ಹೊತ್ತಿಗೆ ತಾನಾಗಿ ಓಡುವ ಒಂದು ಕ್ರಾನ್ ಕೆಲಸ ಇಟ್ಟಿದ್ದೇನೆ. ಅವೈಲಬಲ್ 800 ಎಂಬಿಗಿಂತ ಕೆಳಗಿಳಿದರೆ ನನಗೆ ಮೇಲ್ ಬರುತ್ತದೆ, ಅದರಲ್ಲಿ ಶೇರ್ಡ್ ಎಷ್ಟು ಅಂತಲೂ ಇರುತ್ತದೆ. ಹೊಸ ರ್ಯಾಮ್ ಹಾಕಿಸಲಿಲ್ಲ.