ಮಂಜಿನಲ್ಲೂ ಮುಖ ಕಾಣಬೇಕು: ಮನೆ ಹೊರಗೆ ಕ್ಯಾಮೆರಾ ಹಾಕಿಸಿದ ನನ್ನ ಅನುಭವ

ಎರಡು ವರ್ಷದ ಹಿಂದೆ, ಡಿಸೆಂಬರ್‌ನಲ್ಲಿ, ನಮ್ಮ ಗೋಡೌನಿನ ಜಗಲಿಯಿಂದ ಮೂರು ಚೀಲ ಒಣಗಿದ ಕಾಫಿ ಹೋಯಿತು. ಅಲ್ಲಿ ಕ್ಯಾಮೆರಾ ಇತ್ತು. ಅದರ ಕೆಳಗೇ ಚೀಲ ಹೊತ್ತುಕೊಂಡು ಹೋಗಿದ್ದಾರೆ. ಬೆಳಿಗ್ಗೆ ಫೋನಿನಲ್ಲಿ ತೆಗೆದು ನೋಡಿದರೆ ರಾತ್ರಿ ಒಂದು ಗಂಟೆಯಿಂದ ಆರು ಗಂಟೆವರೆಗೂ ಪರದೆ ತುಂಬಾ ಬರೀ ಬಿಳಿ. ಹಾಲು ಚೆಲ್ಲಿದ ಹಾಗೆ. ಅಮ್ಮ ಏನೂ ಮಾತಾಡಲಿಲ್ಲ, ಕಣದಲ್ಲಿ ಹರಡಿದ್ದ ಕಾಫಿಯನ್ನು ಸುಮ್ನೆ ಕೈಯಾಡಿಸುತ್ತಾ ನಿಂತುಬಿಟ್ಟರು. ಒಂದು ವರ್ಷದ ದುಡಿಮೆ ಅದು, ಹೊಟ್ಟೆ ಉರಿಯದೆ ಇರುತ್ತದಾ?

ನಮ್ಮ ಮನೆ ಕೊಡಗಿನ ಮಾದಾಪುರದ ಹತ್ತಿರ. ಟಾರು ರಸ್ತೆಯಿಂದ ಅರ್ಧ ಕಿಲೋಮೀಟರ್ ಒಳಗೆ ಮಣ್ಣಿನ ದಾರಿ. ಮನೆ ಒಂದು ಕಡೆ, ಕಣ ಮತ್ತು ಗೋಡೌನ್ ಇನ್ನೊಂದು ಕಡೆ, ನಡುವೆ ಸುಮಾರು 120 ಮೀಟರ್. ಇಂಥ ಜಾಗಕ್ಕೆ ಪೇಟೆಯ ಮನೆಗೆ ಹಾಕುವ ಕ್ಯಾಮೆರಾ ತಂದು ಹಾಕಿದ್ದೆ. ಸುತ್ತಲೂ ತಿರುಗುವಂಥದ್ದು, ವೈಫೈನಲ್ಲಿ ಓಡುವಂಥದ್ದು. ಅಂಗಡಿಯಲ್ಲಿ ಚಿತ್ರ ಚೆನ್ನಾಗಿಯೇ ಕಂಡಿತ್ತು. ಆದರೆ ಅಂಗಡಿಯಲ್ಲಿ ಮಂಜು ಇರುವುದಿಲ್ಲ, ಅಲ್ವಾ.

ಆ ಬಿಳಿ ಪರದೆಗೆ ಕಾರಣ ಆಮೇಲೆ ಗೊತ್ತಾಯಿತು. ರಾತ್ರಿ ನೋಡಲು ಕ್ಯಾಮೆರಾ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಈ ದೀಪಗಳು ಲೆನ್ಸಿನ ಸುತ್ತಲೇ ಇರುತ್ತವೆ. ಮಂಜಿನ ಹನಿಗೆ ಬಡಿದ ಬೆಳಕು ನೇರವಾಗಿ ಲೆನ್ಸಿಗೇ ವಾಪಸ್ ಬರುತ್ತದೆ. ಮಂಜಿನಲ್ಲಿ ಜೀಪಿನ ಹೈಬೀಮ್ ಹಾಕಿದರೆ ದಾರಿ ಇನ್ನೂ ಕಾಣದ ಹಾಗಾಗುವುದು ಘಾಟಿಯಲ್ಲಿ ಗಾಡಿ ಓಡಿಸಿದ ಎಲ್ಲರಿಗೂ ಗೊತ್ತು. ಇದೂ ಅದೇ.

ಹಾಗಾಗಿ ಎರಡನೇ ಸಲ ಅಂಗಡಿಗೆ ಮೊದಲೇ ಹೋಗಲಿಲ್ಲ. ರಾತ್ರಿ ಹತ್ತು ಗಂಟೆಗೆ ತಮ್ಮನನ್ನು ಕರೆದುಕೊಂಡು, ಟಾರ್ಚ್ ಮತ್ತು ಅಳತೆ ಟೇಪು ಹಿಡಿದು ಮನೆ ಸುತ್ತ, ಕಣದ ಸುತ್ತ ನಡೆದೆ. ಒಳಗೆ ಬರಲು ದಾರಿ ಎಲ್ಲಿದೆ, ಹೊರಗೆ ಹೋಗಲು ಎಲ್ಲಿ ಹಾದುಹೋಗಲೇಬೇಕು, ಚೀಲ ಹೊತ್ತವನು ಯಾವ ಕಡೆ ತಿರುಗುತ್ತಾನೆ, ಇದನ್ನೆಲ್ಲ ಹಾಳೆಯಲ್ಲಿ ಬರೆದುಕೊಂಡೆವು. ಕೊನೆಗೆ ನಾಲ್ಕೇ ಜಾಗ ಸಿಕ್ಕಿತು: ಗೇಟು, ಮನೆ ಮುಂದಿನ ಅಂಗಳ, ಕಣ, ಗೋಡೌನಿನ ಬಾಗಿಲು. ಮೊದಲು ನಾನು ಎಂಟು ಕ್ಯಾಮೆರಾ ಬೇಕು ಅಂದುಕೊಂಡಿದ್ದೆ.

ಮುಂದಿನ ಪ್ರಶ್ನೆ ಲೆನ್ಸಿನದು. ಎಲ್ಲರೂ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತಾರೆ, ಎಷ್ಟು ಎಂಎಂ ಲೆನ್ಸ್ ಎಂದು ಯಾರೂ ಕೇಳುವುದಿಲ್ಲ. ಗುರುತಿಲ್ಲದ ಒಬ್ಬನ ಮುಖವನ್ನು ಖಚಿತವಾಗಿ ಹೇಳಬೇಕಾದರೆ ಅವನು ನಿಂತ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಎನ್ನುವುದು ಈ ಕ್ಷೇತ್ರದಲ್ಲಿ ಬಳಸುವ ಅಳತೆ. ಈಗ ಲೆಕ್ಕ ಹಾಕಿ. 2.8 ಎಂಎಂ ಲೆನ್ಸ್ ತುಂಬ ಅಗಲ ನೋಡುತ್ತದೆ. ಹತ್ತು ಮೀಟರ್ ದೂರದಲ್ಲಿ ಹೆಚ್ಚು ಕಡಿಮೆ 26 ಮೀಟರ್ ಅಗಲ ಅದರೊಳಗೆ ಬರುತ್ತದೆ. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಅಡ್ಡ ಸಾಲಿನಲ್ಲಿ ಇರುವುದು 2560 ಪಿಕ್ಸೆಲ್. ಹಂಚಿದರೆ ಮೀಟರಿಗೆ ನೂರೂ ಬರುವುದಿಲ್ಲ. ಯಾರೋ ಬಂದರು ಎಂದು ಗೊತ್ತಾಗುತ್ತದೆ, ಯಾರು ಎಂದು ಗೊತ್ತಾಗುವುದಿಲ್ಲ. ಅದೇ ಕ್ಯಾಮೆರಾಗೆ 6 ಎಂಎಂ ಲೆನ್ಸ್ ಇದ್ದರೆ ಹತ್ತು ಮೀಟರ್ ದೂರದಲ್ಲಿ ಕಾಣುವ ಅಗಲ ಸುಮಾರು ಹತ್ತೇ ಮೀಟರ್. ಆಗ 250ರ ಹತ್ತಿರ ಬರುತ್ತದೆ. ಅದಕ್ಕೇ ಗೇಟಿಗೆ ಮತ್ತು ಗೋಡೌನಿನ ಬಾಗಿಲಿಗೆ 6 ಎಂಎಂ, ಅಂಗಳಕ್ಕೆ ಮತ್ತು ಕಣಕ್ಕೆ 2.8 ಎಂಎಂ ತಂದೆ. ನಾಲ್ಕೂ 4 ಮೆಗಾಪಿಕ್ಸೆಲ್. ಹಣ ಇದ್ದರೆ 8ರದ್ದು ಹಾಕಬಹುದು, ಆದರೆ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಅಷ್ಟೇ ಚಿಕ್ಕದಿದ್ದರೆ ಪಿಕ್ಸೆಲ್ ಜಾಸ್ತಿ ಆದಷ್ಟೂ ಒಂದೊಂದಕ್ಕೆ ಸಿಗುವ ಬೆಳಕು ಕಡಿಮೆ. ಕತ್ತಲಲ್ಲಿ ಅದು ಗೊತ್ತಾಗುತ್ತದೆ.

ಎತ್ತರದ ವಿಷಯದಲ್ಲೂ ಎಚ್ಚರ ಇರಲಿ. ಕೈಗೆ ಸಿಗಬಾರದು ಎಂದು ಹದಿನೈದು ಅಡಿ ಮೇಲೆ ಹಾಕಿದರೆ ಟೋಪಿ ಮತ್ತು ಕೊಡೆ ಮಾತ್ರ ಕಾಣುತ್ತವೆ. ನಮ್ಮದು ಒಂಬತ್ತು ಅಡಿ.

ಆಕಾರಕ್ಕೆ ಬಂದರೆ, ಗಾಜಿನ ಬುರುಡೆಯಂಥ ಡೋಮ್ ಕ್ಯಾಮೆರಾ ನಮ್ಮ ಮಳೆಗೆ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರ ಮೇಲೆ ಹನಿ ನಿಲ್ಲುತ್ತದೆ, ರಾತ್ರಿ ಆ ಹನಿಯೇ ಹೊಳೆಯುತ್ತದೆ. ಉದ್ದನೆಯ ಬುಲೆಟ್ ಆಕಾರದ್ದು, ಮೇಲೆ ಚಿಕ್ಕ ಟೋಪಿ ಇರುವಂಥದ್ದು ತೆಗೆದುಕೊಂಡು ಮಾಡಿನ ಅಂಚಿನಿಂದ ಒಂದಡಿ ಒಳಗೆ ಹಾಕಿಸಿದೆ. ಐಪಿ 67 ಎಂದು ಬರೆದಿರುವುದನ್ನೇ ನೋಡಿ ತಂದೆ. ಇದರಲ್ಲಿ 6 ಎಂದರೆ ಧೂಳು ಒಳಗೆ ಹೋಗುವುದಿಲ್ಲ, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಆದರೆ ಈ ಭರವಸೆ ಕ್ಯಾಮೆರಾದ ಮೈಗೆ ಮಾತ್ರ. ಹಿಂದೆ ಬಾಲದ ಹಾಗೆ ವೈರು ಇರುತ್ತದಲ್ಲ, ಅದರ ತುದಿಯ ಜಾಯಿಂಟಿಗೆ ಅಲ್ಲ. ಡಬ್ಬಿಯೊಳಗೆ ಒಂದು ಚಿಕ್ಕ ಕವರಿನಲ್ಲಿ ಪ್ಲಾಸ್ಟಿಕ್ ಮುಚ್ಚಳ ಮತ್ತು ರಬ್ಬರ್ ಬಳೆ ಬರುತ್ತವೆ. ಕೆಲಸಕ್ಕೆ ಬರುವ ಹುಡುಗರು ಎಷ್ಟೋ ಸಲ ಅದನ್ನು ಹಾಕುವುದೇ ಇಲ್ಲ, ಕವರಿನ ಸಮೇತ ಎಸೆದುಬಿಡುತ್ತಾರೆ. ದಯವಿಟ್ಟು ಪಕ್ಕದಲ್ಲೇ ನಿಂತು ಹಾಕಿಸಿ. ಜಾಯಿಂಟನ್ನು ಜಂಕ್ಷನ್ ಬಾಕ್ಸಿನೊಳಗೆ ಇಡಿಸಿ. ವೈರು ಒಳಗೆ ಹೋಗುವ ಮೊದಲು ಕೆಳಗೆ ಒಂದು ಸುತ್ತು ಜೋತುಬಿಡಿ, ಆಗ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಊರಿನಲ್ಲಿ ಕ್ಯಾಮೆರಾ ಉಳಿಯುವುದೂ ಹೋಗುವುದೂ ಇಂಥ ಚಿಕ್ಕ ಕೆಲಸದ ಮೇಲೆ.

ಮಂಜಿಗೆ ಏನು ಮಾಡಿದೆ? ಕ್ಯಾಮೆರಾದ ಒಳಗಿನ ಇನ್‌ಫ್ರಾರೆಡ್ ದೀಪವನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿದೆ. ಬೇರೆ ಇನ್‌ಫ್ರಾರೆಡ್ ದೀಪ ತಂದು ಕ್ಯಾಮೆರಾದಿಂದ ಐದಾರು ಅಡಿ ಪಕ್ಕಕ್ಕೆ ಹಾಕಿಸಿದೆ. ಬೆಳಕು ಓರೆಯಾಗಿ ಬಿದ್ದರೆ ಮಂಜು ಅಷ್ಟು ಹೊಳೆಯುವುದಿಲ್ಲ, ಒಳಗಿನ ಮನುಷ್ಯ ಕಾಣುತ್ತಾನೆ. ದಟ್ಟ ಮಂಜಿನಲ್ಲಿ ಈಗಲೂ ಹತ್ತು ಮೀಟರ್ ಆಚೆ ಏನೂ ಕಾಣುವುದಿಲ್ಲ, ಅದಕ್ಕೆ ಇಂಥ ಯಾವ ಕ್ಯಾಮೆರಾ ತಂದರೂ ಅಷ್ಟೇ. ಆದರೆ ಬಾಗಿಲ ಹತ್ತಿರ ಬಂದವನು ಸಿಗುತ್ತಾನೆ. ಇನ್ನೊಂದು ಲಾಭವೂ ಆಯಿತು. ಮೊದಲು ಲೆನ್ಸಿನ ಮುಂದೆ ವಾರಕ್ಕೊಮ್ಮೆ ಜೇಡ ಬಲೆ ಕಟ್ಟುತ್ತಿತ್ತು. ಈಗ ಬಲೆ ದೀಪದ ಹತ್ತಿರ, ಲೆನ್ಸು ಚೊಕ್ಕ. ರಾತ್ರಿಯೂ ಬಣ್ಣದಲ್ಲಿ ತೋರಿಸುವ ಬಿಳಿ ದೀಪದ ಕ್ಯಾಮೆರಾವನ್ನೂ ಅಂಗಳದಲ್ಲಿ ಸ್ವಲ್ಪ ದಿನ ಹಾಕಿ ನೋಡಿದೆ. ಮೊದಲ ಮಳೆ ಬಿದ್ದ ರಾತ್ರಿ ರೆಕ್ಕೆ ಬಂದ ಗೆದ್ದಲು ಸಾವಿರಗಟ್ಟಲೆ ಮುತ್ತಿಕೊಂಡು ಬೆಳಗಾಗುವವರೆಗೂ ಫೋನು ಕಿರುಚಿತು. ಮರುದಿನವೇ ಅದನ್ನು ಬಿಚ್ಚಿದೆ.

ಈಗ ಸಿಡಿಲು. ಕಾಫಿಗೆ ಹೂಮಳೆ ಬೇಕು, ಆದರೆ ಹೂಮಳೆ ಜೊತೆ ಗುಡುಗು ಸಿಡಿಲು ಬರುತ್ತದೆ. ಮೊದಲ ವರ್ಷ ಮನೆಯಿಂದ ಗೋಡೌನಿಗೆ ತಾಮ್ರದ ನೆಟ್‌ವರ್ಕ್ ಕೇಬಲ್ಲನ್ನೇ ಎಳೆಸಿದ್ದೆ. ಆ ಕೇಬಲ್ 100 ಮೀಟರ್‌ವರೆಗೆ ಮಾತ್ರ ಸರಿ. ನಮ್ಮದು 120, ಹಾಗಾಗಿ ಮೊದಲೇ ಕಡಿದು ಕಡಿದು ಬರುತ್ತಿತ್ತು. ಏಪ್ರಿಲ್‌ನಲ್ಲಿ ಎಲ್ಲೋ ಹತ್ತಿರದಲ್ಲಿ ಸಿಡಿಲು ಬಿದ್ದದ್ದೇ ತಡ, ಆ ಕೇಬಲ್ಲಿನ ಮೂಲಕ ಬಂದು ಮನೆಯ ನೆಟ್‌ವರ್ಕ್ ಸ್ವಿಚ್ಚೂ (ಕೇಬಲ್ಲುಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ) ರೆಕಾರ್ಡರೂ ಸುಟ್ಟುಹೋದವು. ಈಗ ಅಲ್ಲಿ ಇರುವುದು ಆಪ್ಟಿಕಲ್ ಫೈಬರ್. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಒಂದು ಕಡೆ ಬಿದ್ದ ಸಿಡಿಲು ಅದರ ಮೂಲಕ ಇನ್ನೊಂದು ಕಡೆಗೆ ಬರುವುದಿಲ್ಲ. ಒಳಗೆ ಸ್ಟೀಲ್ ತಂತಿ ಇಲ್ಲದ ಫೈಬರ್ ಬೇಕು ಎಂದು ಕೇಳಿ ತರಬೇಕು. ಎರಡು ತುದಿಗೂ ಫೈಬರನ್ನು ಮಾಮೂಲಿ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕಿ, ತೋಟಕ್ಕೆ ನೀರು ಹಾಯಿಸುವ ಕಪ್ಪು ಎಚ್‌ಡಿಪಿಇ ಪೈಪಿನೊಳಗೆ ಫೈಬರ್ ತೂರಿಸಿ ಎರಡಡಿ ಆಳದಲ್ಲಿ ಹೂತಿದ್ದೇವೆ. ಇಲ್ಲದಿದ್ದರೆ ಇಲಿಯೂ ಹಂದಿಯೂ ಬಿಡುವುದಿಲ್ಲ. ಕರೆಂಟಿನ ಲೈನಿನಿಂದ ಬರುವ ಸಿಡಿಲಿಗೆ ಎರಡೂ ಕಡೆ ಸರ್ಜ್ ಪ್ರೊಟೆಕ್ಟರ್ ಮತ್ತು ಒಳ್ಳೆಯ ಅರ್ತಿಂಗ್.

ಉಳಿದ ಕಡೆ, ಅಂದರೆ ಸ್ವಿಚ್ಚಿನಿಂದ ಕ್ಯಾಮೆರಾಗೆ, ಪಿಓಇ ಹಾಕಿಸಿದೆ. ಒಂದೇ ಕೇಬಲ್ಲಿನಲ್ಲಿ ಕರೆಂಟೂ ಚಿತ್ರವೂ ಹೋಗುತ್ತವೆ. ಅಗ್ಗದ ಕೇಬಲ್ಲಿನಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಮಾತ್ರ ಇರುತ್ತದೆ. ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ.

ಕರೆಂಟ್ ಹೋದರೆ ಏನು ಎನ್ನುವುದು ನಮ್ಮ ಜಿಲ್ಲೆಯಲ್ಲಿ ದೊಡ್ಡ ಪ್ರಶ್ನೆ. 2018ರ ಆಗಸ್ಟ್‌ನ ಮಳೆ ಮತ್ತು ಭೂಕುಸಿತ ನೋಡಿದ ಮೇಲೆ ನಾನು ಯಾವುದನ್ನೂ ಲೈನ್ ಕರೆಂಟ್ ನಂಬಿ ಮಾಡುವುದಿಲ್ಲ. ಮನೆಯ ಇನ್ವರ್ಟರಿಗೆ 150 ಆಂಪಿಯರ್-ಅವರ್ ಬ್ಯಾಟರಿ ಇದೆ. ಕ್ಯಾಮೆರಾ, ಸ್ವಿಚ್, ರೆಕಾರ್ಡರ್, ರೂಟರ್ ಎಲ್ಲ ಸೇರಿ 50 ವಾಟ್‌ನ ಆಸುಪಾಸು. ಬೇರೇನೂ ಹಾಕದಿದ್ದರೆ ಒಂದು ಹಗಲು ಒಂದು ರಾತ್ರಿ ಬರುತ್ತದೆ. ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಹಾಕಿದರೆ ಆಗುವುದಿಲ್ಲವೇ ಎಂದು ನೆಂಟರು ಕೇಳುತ್ತಾರೆ. ಬೇಸಿಗೆಯಲ್ಲಿ ಆಗುತ್ತದೆ. ಜುಲೈನಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದಿರುವಾಗ ಬ್ಯಾಟರಿ ತುಂಬುವುದು ಹೇಗೆ? ಜೊತೆಗೆ ಅವು ಬ್ಯಾಟರಿ ಉಳಿಸಲು ಮಲಗಿರುತ್ತವೆ, ಯಾರಾದರೂ ಬಂದ ಮೇಲೆ ಎದ್ದು ರೆಕಾರ್ಡ್ ಶುರು ಮಾಡುತ್ತವೆ. ಅಷ್ಟರಲ್ಲಿ ಮೊದಲ ಒಂದೆರಡು ಸೆಕೆಂಡು ಹೋಗಿರುತ್ತದೆ.

ರೆಕಾರ್ಡಿಂಗ್ ಮನೆಯಲ್ಲೇ ಇರಬೇಕು. ಇಂಟರ್‌ನೆಟ್ ಮೂರು ದಿನ ಇಲ್ಲದಿದ್ದರೂ ಅದು ನಿಲ್ಲಬಾರದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಿನವಿಡೀ ಓಡಿದರೆ ಸುಮಾರು 21-22 ಜಿಬಿ ಆಗುತ್ತದೆ. ನಾಲ್ಕಕ್ಕೆ 86 ಜಿಬಿ. 2 ಟಿಬಿ ಡಿಸ್ಕಿನಲ್ಲಿ ಮೂರು ವಾರ ಉಳಿಯುತ್ತದೆ. ನಮಗೆ ಅಷ್ಟು ಬೇಕು, ಏಕೆಂದರೆ ಚೀಲ ಕಡಿಮೆಯಾದದ್ದು ಎಷ್ಟೋ ಸಲ ಗೊತ್ತಾಗುವುದೇ ಲೋಡ್ ಮಾಡುವ ದಿನ. ರೆಕಾರ್ಡರನ್ನು ಟಿವಿ ಪಕ್ಕ ಇಡಬೇಡಿ, ಕಳ್ಳ ಮೊದಲು ಅದನ್ನೇ ಎತ್ತುತ್ತಾನೆ. ನಮ್ಮದು ಎಲ್ಲಿದೆ ಎಂದು ಮನೆಯವರಿಗೆ ಮಾತ್ರ ಗೊತ್ತು.

ಮನುಷ್ಯರನ್ನೂ ಗಾಡಿಯನ್ನೂ ಗುರುತಿಸಿ ಮಾತ್ರ ಎಚ್ಚರಿಸುವ ಕ್ಯಾಮೆರಾಗಳು ಈಗ ಬಂದಿವೆ. ಟಾರ್ಪಾಲ್ ಹಾರಿದರೆ, ಎಲೆ ಅಲ್ಲಾಡಿದರೆ, ನಾಯಿ ಓಡಿದರೆ ಸುಮ್ಮನಿರುತ್ತವೆ. ತುಂಬ ಒಳ್ಳೆಯದು. ಆದರೆ ಆನೆ ಮನುಷ್ಯನೂ ಅಲ್ಲ, ಗಾಡಿಯೂ ಅಲ್ಲ! ಇದು ನನಗೆ ಹೊಳೆದದ್ದು ಗೇಟಿನ ಹತ್ತಿರದ ಬಾಳೆ ಪೂರ್ತಿ ನೆಲಸಮ ಆದ ಮೇಲೆ. ಫೋನಿಗೆ ಒಂದೇ ಒಂದು ಎಚ್ಚರಿಕೆ ಬಂದಿರಲಿಲ್ಲ. ಅಂದಿನಿಂದ ಗೇಟಿನ ಮತ್ತು ಅಂಗಳದ ಕ್ಯಾಮೆರಾದಲ್ಲಿ ಆ ಸೋಸುವಿಕೆ ತೆಗೆದು, ಗಿಡಗಳು ಬಾರದಂತೆ ಚೌಕ ಬರೆದು, ಅದರೊಳಗೆ ಏನು ಅಲ್ಲಾಡಿದರೂ ಹೇಳು ಎಂದು ಇಟ್ಟಿದ್ದೇನೆ. ಅಡುಗೆಮನೆಯಲ್ಲಿ ಒಂದು ಹಳೆಯ ಮಾನಿಟರ್ ಹಾಕಿ ರೆಕಾರ್ಡರಿನಿಂದ ನೇರ ವೈರು ಕೊಟ್ಟಿದ್ದೇನೆ. ಇಂಟರ್‌ನೆಟ್ ಬೇಕಿಲ್ಲ, ಫೋನು ಬೇಕಿಲ್ಲ. ಅಮ್ಮ ಬೆಳಿಗ್ಗೆ ಐದಕ್ಕೆ ಕೊಟ್ಟಿಗೆಗೆ ಹೋಗುವ ಮೊದಲು ಅದನ್ನು ನೋಡಿಯೇ ಬಾಗಿಲ ಚಿಲಕ ತೆಗೆಯುತ್ತಾರೆ. ಕಳೆದ ಜೂನ್‌ನಲ್ಲಿ ಒಂದು ಬೆಳಿಗ್ಗೆ, ಅಂಗಳದ ಹಲಸಿನ ಮರದ ಕೆಳಗೆ ಒಂಟಿ ಆನೆ ನಿಂತಿತ್ತು. ಅಮ್ಮ ಅದನ್ನು ಪರದೆಯಲ್ಲಿ ಕಂಡು ನನ್ನನ್ನು ಎಬ್ಬಿಸಿದರು. ಆನೆ ಹಣ್ಣು ತಿಂದು ಹೋಗುವವರೆಗೆ ನಲವತ್ತು ನಿಮಿಷ ನಾವಿಬ್ಬರೂ ಲೈಟೂ ಹಾಕದೆ ಅಲ್ಲೇ ನಿಂತಿದ್ದೆವು. ಕ್ಯಾಮೆರಾಗೆ ಹಾಕಿದ ದುಡ್ಡೆಲ್ಲ ಆವತ್ತೇ ವಾಪಸ್ ಬಂತು ಎಂದು ನನ್ನ ಲೆಕ್ಕ.

ಇನ್ನೊಂದು ಮಾತು, ಇದನ್ನು ಯಾರೂ ಬಿಡಬಾರದು. ಕಣದ ಕ್ಯಾಮೆರಾದ ಮೂಲೆಯಲ್ಲಿ ತೋಟದ ಕೆಲಸದವರು ಇರುವ ನಮ್ಮ ಲೈನ್ ಮನೆಗಳ ಬಾಗಿಲು ಬರುತ್ತಿತ್ತು. ಅಲ್ಲಿ ಹೆಂಗಸರು ಮಕ್ಕಳು ಇದ್ದಾರೆ, ಅದು ಅವರ ಮನೆ. ಸೆಟ್ಟಿಂಗಿನಲ್ಲಿ ಆ ಭಾಗಕ್ಕೆ ಕಪ್ಪು ಪಟ್ಟಿ ಹಾಕಿ, ಅವರನ್ನು ಕರೆದು ಪರದೆ ತೋರಿಸಿ, ಇಷ್ಟೇ ಕಾಣುತ್ತದೆ ಎಂದು ಹೇಳಿದೆ. ಹೊರಗಿನವರು ಇಣುಕಬಾರದು ಎನ್ನುವುದೂ ಅಷ್ಟೇ ಮುಖ್ಯ. 2016ರಲ್ಲಿ ಮಿರಾಯ್ ಎನ್ನುವ ವೈರಸ್ ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರುಗಳ ಒಳಗೆ ಹೊಕ್ಕಿತ್ತು. ಮೊದಲ ದಿನವೇ ಪಾಸ್‌ವರ್ಡ್ ಬದಲಿಸಿ, ಹಾಕಲು ಬಂದ ಹುಡುಗನ ಫೋನಿನಿಂದ ನಿಮ್ಮ ಖಾತೆ ತೆಗೆಸಿ. ನಮ್ಮ ದೇಶದಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆ ಕಡ್ಡಾಯ. ತರುವಾಗ ಎಸ್‌ಟಿಕ್ಯೂಸಿ (ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ) ಪ್ರಮಾಣಪತ್ರ ಇದೆಯೇ ಎಂದು ಕೇಳಿ.

ಈ ಮಳೆಗೆ ಮೊದಲು ಹೊಳೆ ಬದಿಯ ಮೋಟಾರ್ ಮನೆಗೂ ಒಂದು ಹಾಕಬೇಕು. ಅಲ್ಲಿಗೆ 4 ಎಂಎಂ ಸಾಕೋ, 6 ಬೇಕೋ ಇನ್ನೂ ತೀರ್ಮಾನ ಆಗಿಲ್ಲ. ಶನಿವಾರ ರಾತ್ರಿ ತಮ್ಮ ಬರುತ್ತಾನೆ, ಟಾರ್ಚೂ ಟೇಪೂ ಹಿಡಿದು ಹೋಗಿ ನೋಡುತ್ತೇವೆ.