ಎಂಎಂ 540ರ ಎಡ ಫೌಂಡೇಶನ್: ಸರಪಳಿ ಹಾಕಿದ ಮೇಲೆ ರಬ್ಬರ್ ಹರಿದಿಲ್ಲ

ನನ್ನ ಮಹೀಂದ್ರಾ ಎಂಎಂ 540 ಜೀಪಿನ ಎಡಗಡೆ ಎಂಜಿನ್ ಫೌಂಡೇಶನ್ ರಬ್ಬರ್, ಅಂದರೆ ಎಂಜಿನ್ನಿಗೂ ಚಾಸಿಗೂ (ಗಾಡಿಯ ಉಕ್ಕಿನ ಚೌಕಟ್ಟು) ನಡುವೆ ಕೂತು ನಡುಕ ತಡೆಯುವ ತುಂಡು, ಎರಡು ಮಳೆಗಾಲ ದಾಟಿದೆ. ಇನ್ನೂ ಹರಿದಿಲ್ಲ. ಶಿರಸಿ ಕಡೆ ಬೆಟ್ಟದಿಂದ ಸೊಪ್ಪು, ದರಕು (ಒಣ ಎಲೆ) ಹೊರಲು ಜೀಪು ಇಟ್ಟುಕೊಂಡವರಿಗೆ ಇದು ಸಣ್ಣ ವಿಷಯ ಅಲ್ಲ ಅಂತ ಗೊತ್ತಿರುತ್ತದೆ. ಮೊದಲೆಲ್ಲ ಮಳೆಗಾಲಕ್ಕೊಂದು ರಬ್ಬರ್ ಅಂತ ನಾನು ಖರ್ಚಿನ ಲೆಕ್ಕದಲ್ಲೇ ಬರೆದಿಡುತ್ತಿದ್ದೆ. ಕೆಲವು ವರ್ಷ ಅದೂ ಸಾಲುತ್ತಿರಲಿಲ್ಲ.

ಹರಿಯದಿರಲು ಗಟ್ಟಿ ರಬ್ಬರ್ ಹಾಕಿ ಅಂತಲೇ ಎಲ್ಲರೂ ಹೇಳುತ್ತಿದ್ದರು. ರಬ್ಬರ್ ಮೆತ್ತಗಿನದೇ ಇರಲಿ, ಎಳೆಯುವಾಗ ಎಂಜಿನ್ ಮೇಲೇಳುವುದಕ್ಕೆ ಮಾತ್ರ ಒಂದು ಮಿತಿ ಇರಲಿ ಅನ್ನುವುದು ನನ್ನ ವಾದವಾಗಿತ್ತು. ಅದಕ್ಕೇ ಎಡಗಡೆ ಒಂದು ತುಂಡು ಸರಪಳಿ ಹಾಕಲು ಹೊರಟೆ. "ಭಟ್ರೇ, ಸರಪಳಿ ದನ ಕಟ್ಟೋಕೆ, ಎಂಜಿನ್ ಕಟ್ಟೋಕಲ್ಲ" ಅಂದರು ನಮ್ಮ ಗ್ಯಾರೇಜಿನ ಮೇಸ್ತ್ರಿ. ಈಗ ಅದೇ ಮೇಸ್ತ್ರಿ, ಫೌಂಡೇಶನ್ ಹರಿದುಕೊಂಡು ಬಂದವರನ್ನು ನನ್ನ ಜೀಪು ನೋಡಿ ಬನ್ನಿ ಅಂತ ಮನೆಗೇ ಕಳಿಸುತ್ತಾರೆ.

ಎಡಗಡೆಯದೇ ಯಾಕೆ ಹೋಗುತ್ತದೆ ಅನ್ನುವುದನ್ನು ಒಮ್ಮೆ ಸರಿಯಾಗಿ ಯೋಚಿಸಿದರೆ ಅರ್ಧ ಕೆಲಸ ಮುಗಿದಂತೆ. ಪ್ರೊಪೆಲ್ಲರ್ ಶಾಫ್ಟ್ (ಚಕ್ರಗಳ ಕಡೆಗೆ ಎಳೆತ ಒಯ್ಯುವ ಉದ್ದ ದಂಡ) ತಿರುಗುವ ದಿಕ್ಕಿಗೆ ಎದುರಾಗಿ ಎಂಜಿನ್ ಹೊರಳಲು ನೋಡುತ್ತದೆ. ಹಾಗಾಗಿ ಮುಂದಕ್ಕೆ ಎಳೆಯುವಾಗ ಎಡಗಡೆ ಏಳುತ್ತದೆ, ರಿವರ್ಸ್‌ನಲ್ಲಿ ಬಲಗಡೆ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಎಲ್ಲವೂ ಎಂಜಿನ್ನಿಗೇ ಬೋಲ್ಟ್ ಆಗಿವೆ ಅಲ್ವಾ? ಅದಕ್ಕೇ ಫೌಂಡೇಶನ್ ಮೇಲೆ ಬೀಳುವ ಎಳೆತ ಎಂಜಿನ್ನಿನ ಟಾರ್ಕ್ (ತಿರುಚುವ ಬಲ) ಒಂದೇ ಅಲ್ಲ, ಪ್ರೊಪೆಲ್ಲರ್ ಶಾಫ್ಟಿಗೆ ಹೋಗುವಷ್ಟೂ ಬೀಳುತ್ತದೆ. ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ ಟಾರ್ಕನ್ನು 2.46 ಪಟ್ಟು ಮಾಡುತ್ತದೆ. ಅದರ ಜೊತೆ ಫಸ್ಟ್ ಗೇರ್ ಸೇರಿದರೆ ಹತ್ತು ಪಟ್ಟಿನ ಆಸುಪಾಸು. ರಬ್ಬರ್ ಒತ್ತುವುದನ್ನು ಎಷ್ಟು ಬೇಕಾದರೂ ತಡೆಯುತ್ತದೆ. ಎಳೆದರೆ ತಡೆಯುವುದಿಲ್ಲ, ಲೋಹದ ಪ್ಲೇಟಿಗೆ ಅಂಟಿದ ಜಾಗದಲ್ಲಿ ಬಿಟ್ಟುಕೊಳ್ಳುತ್ತದೆ. ಕೆಸರಲ್ಲಿ ಹೂತ ಚಕ್ರವನ್ನು ಲೋ ಫಸ್ಟ್‌ನಲ್ಲಿ ಜರ್ಕ್ ಕೊಟ್ಟು ಎಬ್ಬಿಸುವಾಗ ಆಗುವುದು ಇದೇ.

ಸರಪಳಿಗೆ ಮೊದಲು ಕಳೆದ ದುಡ್ಡಿನ ಕತೆ ಹೇಳಲೇಬೇಕು. ಮಾಮೂಲಿ ಮುಂದಿನ ಜೋಡಿ ಆಗ 700-800 ರೂಪಾಯಿ. ಹುಬ್ಬಳ್ಳಿಯ ಒಂದು ಅಂಗಡಿಯವರು 'ಹೆವಿ ಡ್ಯೂಟಿ' ಅಂತ 1,200ಕ್ಕೆ ಒಂದು ಜೋಡಿ ಕೊಟ್ಟರು. ಉಗುರು ಒತ್ತಿದರೆ ಗುರುತೇ ಬೀಳದಷ್ಟು ಗಟ್ಟಿ. ದೇವಿಮನೆ ಘಟ್ಟ ಹತ್ತುವಾಗ ಗೇರ್ ರಾಡ್ ಅಲ್ಲಾಡದೆ ನಿಂತಿದ್ದು ನೋಡಿ ಖುಷಿಯಾಯಿತು. ದೀಪಾವಳಿ ಹೊತ್ತಿಗೆ ರಬ್ಬರ್ ಹಾಗೇ ಇತ್ತು, ಪ್ಲೇಟ್ ಮಾತ್ರ ಬೇರೆಯಾಗಿತ್ತು. ಬಿಚ್ಚಿ ನೋಡಿದರೆ ರಬ್ಬರನ್ನು ಪ್ಲೇಟಿನ ಮೇಲೆ ಬೇಯಿಸಿ ಕೂರಿಸಿರಲಿಲ್ಲ, ಗಮ್ ಹಚ್ಚಿ ಅಂಟಿಸಿದ್ದರು. ಈಗ ಅಂಗಡಿಯಲ್ಲೇ ಅಂಚಿಗೆ ಚಾಕುವಿನ ತುದಿ ಹಾಕಿ ನೋಡುತ್ತೇನೆ. ಎದ್ದು ಬಂದರೆ ವಾಪಸ್ ಕೊಟ್ಟು ಬರುತ್ತೇನೆ.

ಆಮೇಲೆ ಪಾಲಿಯುರೇಥೇನ್ (ರಬ್ಬರಿಗಿಂತ ಗಟ್ಟಿಯಾದ ಒಂದು ಪ್ಲಾಸ್ಟಿಕ್) ಫೌಂಡೇಶನ್ ಹಾಕಿದೆ. ಸೆಟ್ಟಿಗೆ 4,500ರ ಹತ್ತಿರ. ಹರಿಯಲಿಲ್ಲ, ನಿಜ. ಆದರೆ ಈ ಜೀಪಿನ ಪ್ಯೂಜೋ ಡೀಸೆಲ್ ಎಂಜಿನ್ ಐಡ್ಲಿಂಗ್‌ನಲ್ಲಿ ನಡುಗುವ ಅಷ್ಟೂ ನಡುಕ ಚಾಸಿಗೆ ಇಳಿಯಿತು. ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣುತ್ತಿರಲಿಲ್ಲ. ಬ್ಯಾಟರಿ ಟ್ರೇ ಬಿರುಕು ಬಿಟ್ಟಿತು. ಕೊನೆಗೆ ರೇಡಿಯೇಟರ್‌ನ ಕೆಳಗಿನ ಟ್ಯಾಂಕಿನ ಬೆಸುಗೆ ಬಿಟ್ಟು ಯಲ್ಲಾಪುರ ರಸ್ತೆಯಲ್ಲಿ ನೀರೆಲ್ಲ ಹೋಯಿತು. ಅದರ ರಿಪೇರಿಗೆ ಮತ್ತೆ ಮೂರು ಸಾವಿರದ ಹತ್ತಿರ. ಆ ಸೆಟ್ಟನ್ನು 1,500ಕ್ಕೆ ಮಾರಿದೆ. ರೇಸಿಗೆ ಸರಿ ಇರಬಹುದು, ದಿನಾ ತೋಟಕ್ಕೆ ಹೋಗುವ ಜೀಪಿಗೆ ಅದು ಬೇಡವೇ ಬೇಡ.

ಕ್ರಷರ್‌ನ ಹಳೇ ಕನ್ವೇಯರ್ ಬೆಲ್ಟ್ ಕತ್ತರಿಸಿ, ಬಿಲ್ಲೆ ಮಾಡಿ, ಮೇಲೆ ಕೆಳಗೆ ಜೋಡಿಸಿ ನಡುವೆ ಬೋಲ್ಟ್ ಹಾಕಿದ್ದೂ ಉಂಟು. ಖರ್ಚು ಬರೀ ಬೋಲ್ಟಿನದು. ಬೆಲ್ಟಿನ ಒಳಗೆ ಬಟ್ಟೆ ಪದರ ಇರುವುದರಿಂದ ಹರಿಯುವ ಮಾತೇ ಇಲ್ಲ. ಆದರೆ ಬೋಲ್ಟ್ ಆಡಿ ಆಡಿ ಬ್ರಾಕೆಟ್ಟಿನ ತೂತು ಉದ್ದ ಮಾಡಿಬಿಟ್ಟಿತು. ಆ ಬಿಲ್ಲೆಗಳು ಈಗ ಅಡಿಕೆಗೆ ಮದ್ದು ಹೊಡೆಯುವ ಪಂಪಿನ ಕೆಳಗಿವೆ. ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿವೆ, ಪಂಪು ಈಗ ಜಗಲಿಯಲ್ಲಿ ಸರಿದಾಡುವುದಿಲ್ಲ. ಬೇಕಾದವರು ಮಾಡಿ ನೋಡಿ.

ಈಗ ಸರಪಳಿ. ಇದು ನಾನು ಹುಡುಕಿದ್ದಲ್ಲ. ಯುದ್ಧಕಾಲದ ವಿಲ್ಲೀಸ್ ಜೀಪಿನಲ್ಲೇ ಎಂಜಿನ್ ಹಿಂದೆ ಮುಂದೆ ಸರಿಯದಿರಲಿ ಅಂತ ಚಾಸಿಯ ಅಡ್ಡಪಟ್ಟಿಗೆ ಒಂದು ತಂತಿ ಹಗ್ಗ ಕಟ್ಟಿರುತ್ತಿತ್ತು. ಅದನ್ನು ನೋಡಿದ್ದೇ ನನಗೆ ಧೈರ್ಯ ಬಂತು. ನಾನು ಹಾಕಿದ್ದು 8 ಎಂಎಂನದು, ಭಾರ ಎತ್ತುವ ಚೈನ್ ಬ್ಲಾಕಿಗೆ ಬಳಸುವ ಜಾತಿಯದು. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಸರಪಳಿ ತರಬೇಡಿ, ಅದರ ಕೊಂಡಿ ಬಾಯಿ ಬಿಡುತ್ತದೆ. ಮೇಲಿನ ತುದಿ ಎಂಜಿನ್ ಬ್ಲಾಕಿಗೆ ಕೂತಿರುವ ಬ್ರಾಕೆಟ್ಟಿಗೆ, ಕೆಳಗಿನದು 6 ಎಂಎಂ ಪ್ಲೇಟಿನ ಮೂಲಕ ಚಾಸಿಗೆ. ಫೌಂಡೇಶನ್ ರಬ್ಬರಿನ ಬೋಲ್ಟಿಗೇ ಕಟ್ಟಿದರೆ ಏನೂ ಉಪಯೋಗ ಇಲ್ಲ. ಚಾಸಿಗೆ ವೆಲ್ಡಿಂಗ್ ಮಾಡಿಸಲಿಲ್ಲ, 8.8 ಗ್ರೇಡಿನ ಗಟ್ಟಿ ಬೋಲ್ಟ್, ನಡುಕಕ್ಕೆ ಸಡಿಲವಾಗದ ನೈಲಾಕ್ ನಟ್ ಹಾಕಿದೆ. ಸರಪಳಿ ಆದಷ್ಟು ನೆಟ್ಟಗೆ ಕೆಳಗೆ ಇಳಿಯಬೇಕು. ಓರೆಯಾದರೆ ಎಂಜಿನ್ ಏಳುವ ಜೊತೆ ಪಕ್ಕಕ್ಕೂ ಎಳೆಯುತ್ತದೆ. ಮೇಲೆ ಹಳೇ ಸೈಕಲ್ ಟ್ಯೂಬ್ ತೊಡಿಸಿದ್ದೇನೆ, ಸದ್ದಿಲ್ಲ. ಲೇತಿನವರ ಕೂಲಿ ಸೇರಿ ಎಲ್ಲಾ 800 ಆಗಿರಬಹುದು.

ಸಡಿಲ ಎಷ್ಟು ಬಿಡಬೇಕು ಅನ್ನುವುದೇ ಇದರ ಜೀವ. ಎಂಜಿನ್ ಸುಮ್ನೆ ಓಡುವಾಗ ಸರಪಳಿ ಕೈಗೆ ಸಡಿಲ ಸಿಗಬೇಕು. ಬಿಗಿದರೆ ಪಾಲಿಯುರೇಥೇನ್ ಹಾಕಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇರುವುದಿಲ್ಲ. ಹೆಚ್ಚು ಬಿಟ್ಟರೆ ರಬ್ಬರ್ ಹರಿದ ಮೇಲೆ ಸರಪಳಿ ಬಿಗಿಯುತ್ತದೆ. ನಾನು ಆ ಅಳತೆ ಹಿಡಿದಿದ್ದು ಒಂದು ಬೇರೆ ಉಪಾಯದಿಂದ. ಅದನ್ನು ಇಲ್ಲಿ ಬರೆಯುವುದಿಲ್ಲ, ಜೀಪು ತಂದರೆ ತೋರಿಸುತ್ತೇನೆ.

ಸರಪಳಿಯಷ್ಟೇ ಮುಖ್ಯವಾದದ್ದು ರಬ್ಬರಿಗೆ ಎಣ್ಣೆ ತಾಗದ ಹಾಗೆ ನೋಡಿಕೊಳ್ಳುವುದು. ಇಂಜೆಕ್ಟರ್ ಲೀಕ್-ಆಫ್ ಪೈಪಿನಿಂದ (ಇಂಜೆಕ್ಟರಿನಲ್ಲಿ ಉಳಿದ ಡೀಸೆಲ್ ವಾಪಸ್ ಒಯ್ಯುವ ಪೈಪು) ತೊಟ್ಟಿಕ್ಕುವ ಡೀಸೆಲ್, ಎಂಜಿನ್ ಮೇಲಿನ ಟ್ಯಾಪೆಟ್ ಕವರಿನಿಂದ ಇಳಿಯುವ ಆಯಿಲ್, ಎರಡೂ ರಬ್ಬರನ್ನು ಉಬ್ಬಿಸಿ ಮೆದು ಮಾಡುತ್ತವೆ. ರಬ್ಬರ್ ಬದಲಿಸುವ ದಿನವೇ ಲೀಕ್-ಆಫ್ ಪೈಪೂ ಬದಲಿಸಿ, ದೊಡ್ಡ ಖರ್ಚಲ್ಲ. ರಬ್ಬರಿನ ಮೇಲೆ ತಗಡಿನ ಒಂದು ಸಣ್ಣ ಛಾವಣಿ ಬಾಗಿಸಿ ಕೂರಿಸಿ.

ಬದಲಿಸುವ ಕೆಲಸ ನಿಮಗೆಲ್ಲ ಗೊತ್ತು. ಎರಡು ಮಾತು ಮಾತ್ರ. ಎಂಜಿನ್ ತಳದ ಆಯಿಲ್ ಸಂಪಿನ ಕೆಳಗೆ ಜಾಕ್ ನೇರ ಕೊಡಬೇಡಿ, ಅಗಲದ ಮರದ ಹಲಗೆ ಇಡಿ. ನನ್ನದು ಮತ್ತಿ ಮರದ್ದು. ಎತ್ತುವ ಮೊದಲು ಫ್ಯಾನ್, ಹೋಸ್, ಆಕ್ಸಿಲರೇಟರ್ ಲಿಂಕ್ ಎಲ್ಲಿ ತಾಗುತ್ತವೆ ನೋಡಿಕೊಳ್ಳಿ. ಇನ್ನೊಂದು, ಯಾವ ಬೋಲ್ಟನ್ನೂ ಒಂದೊಂದಾಗಿ ಬಿಗಿಯುತ್ತಾ ಹೋಗಬೇಡಿ. ಮುಂದಿನ ಎರಡು, ಗೇರ್‌ಬಾಕ್ಸಿನದು, ಎಲ್ಲಾ ಕೈಬಿಗಿ ಇರಲಿ. ಜಾಕ್ ಇಳಿಸಿ, ಸ್ಟಾರ್ಟ್ ಮಾಡಿ, ಐಡ್ಲಿಂಗ್‌ನಲ್ಲಿ ಸ್ವಲ್ಪ ಹೊತ್ತು ನಡುಗಲು ಬಿಡಿ. ಎಂಜಿನ್ ತನ್ನ ಜಾಗ ತಾನೇ ಹುಡುಕಿಕೊಂಡು ಕೂರುತ್ತದೆ. ಬಂದ್ ಮಾಡಿ ಆಮೇಲೆ ಬಿಗಿಯಿರಿ. ಹೊಸ ರಬ್ಬರ್ ತಿರುಚಿಕೊಂಡೇ ಕೂತಿದ್ದರೆ ಮೊದಲ ದಿನದಿಂದಲೇ ಸವೆಯಲು ಶುರು.

ಕಾರವಾರದ ನನ್ನ ಗೆಳೆಯರೊಬ್ಬರ ಜೀಪಿನದು ಬೇರೆ ರೋಗ. ಅವರದು ಮಾಜಾಳಿ ಕಡೆ ಮರಳಲ್ಲಿ ದೋಣಿ ಎಳೆಯುವ ಗಾಡಿ. ಅಲ್ಲಿ ರಬ್ಬರ್ ಹರಿಯುವ ಮೊದಲೇ ಪ್ಲೇಟಿನ ಅಂಚಿಂದ ತುಕ್ಕು ಒಳಗೆ ಹೊಕ್ಕು ರಬ್ಬರನ್ನು ಎಬ್ಬಿಸುತ್ತದೆ. ದೋಣಿಗೆ ಹಚ್ಚುವ ಗೇರೆಣ್ಣೆಯನ್ನೇ (ಗೇರುಬೀಜದ ಸಿಪ್ಪೆಯ ಎಣ್ಣೆ) ಪ್ಲೇಟಿಗೆ ಹಚ್ಚಿ ನೋಡಿದೆವು, ರಬ್ಬರಿಗೆ ತಾಗದ ಹಾಗೆ, ಕೈಗವಸು ಹಾಕಿಕೊಂಡು. ಆ ಎಣ್ಣೆ ಚರ್ಮ ಸುಡುತ್ತದೆ. ಮರಳು ಅಂಟಿ ನೋಡಲು ಚೆನ್ನಾಗಿಲ್ಲ, ಆದರೆ ತುಕ್ಕು ನಿಂತಿದೆ. ಜೊತೆಗೆ ವಾರಕ್ಕೊಮ್ಮೆ ಸಿಹಿನೀರು ಹೊಡೆಯಬೇಕು.

ಅವರ ಗಾಡಿಯಲ್ಲೇ ಇನ್ನೊಂದು ಕಂಡಿತು. ಸ್ಟಾರ್ಟ್ ಮಾಡಿದಾಗೆಲ್ಲ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತಿತ್ತು. ರಬ್ಬರ್ ಮೇಲೆ ಕೂತ ಎಂಜಿನ್ನಿಗೆ ಚಾಸಿಯ ಅರ್ಥ್ (ಕರೆಂಟ್ ವಾಪಸ್ ಹೋಗುವ ದಾರಿ) ಸಿಗುವುದು ಒಂದು ಹೆಣೆದ ತಾಮ್ರದ ಪಟ್ಟಿಯಿಂದ ಮಾತ್ರ. ಉಪ್ಪು ಗಾಳಿಗೆ ಅದು ಹಸಿರುಗಟ್ಟಿ ತುಂಡಾಗಿತ್ತು, ಸ್ಟಾರ್ಟರ್‌ನ ಕರೆಂಟೆಲ್ಲ ಕೇಬಲ್ಲಿನ ಮೂಲಕ ಹೋಗುತ್ತಿತ್ತು. ಫೌಂಡೇಶನ್ ಬಿಚ್ಚಿದಾಗ ಆ ಪಟ್ಟಿಯನ್ನು ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ವಾಪಸ್ ಹಾಕಿ. ನನ್ನದಕ್ಕೆ ಎರಡು ಪಟ್ಟಿ ಹಾಕಿದ್ದೇನೆ.

ಗೇರ್‌ಬಾಕ್ಸ್ ಕೆಳಗಿನ ರಬ್ಬರಿಗೆ ಇನ್ನೂ ಪೂರ್ತಿ ಪರಿಹಾರ ಸಿಕ್ಕಿಲ್ಲ. ಟ್ರಾನ್ಸ್‌ಫರ್ ಕೇಸ್ ಜಿನುಗುವ ಎಣ್ಣೆ ನೇರ ಅದರ ಮೇಲೇ ಬೀಳುತ್ತದೆ. ಈ ಸಲ ಎಣ್ಣೆ ತಡೆಯುವ ನೈಟ್ರೈಲ್ ರಬ್ಬರಿನಲ್ಲಿ ಒಂದು ಮಾಡಿಸಿ ಹಾಕಿದ್ದೇನೆ, 600 ಕೊಟ್ಟೆ. ಸದ್ಯಕ್ಕೆ ಉಬ್ಬಿಲ್ಲ. ಅಡಿಕೆ ಕೊನೆಕೊಯ್ಲಿಗೆ ಮೊದಲು ಬಿಚ್ಚಿ ನೋಡುತ್ತೇನೆ.