ಗಾಳ, ರೀಲು, ರಸೀದಿ: ಅಂಗವಿಕಲ ಮಾಜಿ ಸೈನಿಕರಿಗಾಗಿ ಮೀನುಗಾರಿಕೆ ಸಾಮಗ್ರಿ ಸಂಗ್ರಹಿಸುವುದು ಹೇಗೆ?

ಹವ್ಯಾಸಕ್ಕಾಗಿ ಮೀನು ಹಿಡಿಯುವವರ ಮನೆಯಲ್ಲಿ ಬಳಸದೆ ಬಿದ್ದಿರುವ ಗಾಳದ ಕೋಲು ಒಂದಾದರೂ ಇದ್ದೇ ಇರುತ್ತದೆ. ಹೊಸದು ಬಂದ ಮೇಲೆ ಹಳೆಯದನ್ನು ಎಸೆಯಲು ಮನಸ್ಸಾಗದೆ ಮೂಲೆಗೆ ಒರಗಿಸಿಟ್ಟವರು, ‘ಗಾಯಗೊಂಡ ಸೈನಿಕರಿಗೆ ಕೊಡಿ’ ಎಂದು ಕೇಳಿದರೆ ಮರುಮಾತಿಲ್ಲದೆ ಎತ್ತಿ ಕೊಡುತ್ತಾರೆ. ಹಾಗಾಗಿ ಸಾಮಗ್ರಿ ಕೂಡಿಹಾಕುವುದು ಕಷ್ಟವೇ ಅಲ್ಲ. ಕಷ್ಟ ಶುರುವಾಗುವುದು ಆಮೇಲೆ. ತುಕ್ಕು ಹಿಡಿದ ರೀಲು, ತುದಿ ಮುರಿದ ಕೋಲು, ಬಿಡಿಸಲಾಗದ ಗೋಜಲು ದಾರ ಎಲ್ಲವೂ ರಾಶಿ ಬಿದ್ದಿರುತ್ತದೆ. ಒಂದು ಕೈ ಇಲ್ಲದವರು ಹಿಡಿಯಬಹುದಾದ ಕೋಲು ಮಾತ್ರ ಅದರಲ್ಲಿ ಒಂದೂ ಇರುವುದಿಲ್ಲ.

ದಾನದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಈ ಕೆಲಸದಲ್ಲಿ ಎಣಿಸಲೇಬೇಕು. ನೀರಿನ ಬಳಿ ಬಂದ ಮೊದಲ ದಿನವೇ ಕೆಟ್ಟ ರೀಲು ಕೈಗೆ ಸಿಕ್ಕರೆ, ದೋಷ ರೀಲಿನದೋ ತನ್ನ ಕೈಯದೋ ಎಂಬ ಅನುಮಾನ ಹೊಸದಾಗಿ ಕಲಿಯುವವರನ್ನು ಕಾಡುತ್ತದೆ. ಗಾಯದ ನಂತರ ಪ್ರತಿಯೊಂದನ್ನೂ ಮರಳಿ ಕಲಿಯುತ್ತಿರುವವರಿಗೆ ಈ ಅನುಮಾನ ಬೇಡವೇ ಬೇಡ.

ಗಾಯಾಳು ಸೈನಿಕರಿಗೂ ಗಾಳಕ್ಕೂ ಏನು ನಂಟು ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ 2005ರಲ್ಲಿ ನೌಕಾಪಡೆಯ ನಿವೃತ್ತ ಕ್ಯಾಪ್ಟನ್ ಎಡ್ ನಿಕೋಲ್ಸನ್ ಅವರು ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಸೈನಿಕರಿಗೆ ಫ್ಲೈ ಫಿಶಿಂಗ್ (ದಾರ ಬೀಸಿ, ಕೃತಕ ನೊಣದ ಆಸೆ ತೋರಿಸಿ ಮೀನು ಹಿಡಿಯುವ ಬಗೆ) ಕಲಿಸುವ ಏರ್ಪಾಡು ಮಾಡಿದರು. ‘ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್’ ಹುಟ್ಟಿದ್ದು ಹೀಗೆ. ಮೊದಲ ಪಾಠ ನಡೆದದ್ದು ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ. ನೀರೂ ಇಲ್ಲ, ಮೀನೂ ಇಲ್ಲ, ಬರೀ ದಾರ ಬೀಸುವ ಅಭ್ಯಾಸ. 2007ರಲ್ಲಿ ಟೆಕ್ಸಾಸಿನಲ್ಲಿ ಆರಂಭವಾದ ‘ಹೀರೋಸ್ ಆನ್ ದ ವಾಟರ್’ ಸಂಸ್ಥೆ ಕಯಾಕ್ ದೋಣಿಯನ್ನು ಆರಿಸಿಕೊಂಡಿತು. ಬೀಸುವಾಗ ಹೆಗಲು, ಮಣಿಕಟ್ಟು ಪಳಗುತ್ತವೆ. ಎರೆಯಾಗಿ ಬಳಸುವ ಕೃತಕ ನೊಣವನ್ನು ಗರಿ, ನೂಲಿನಲ್ಲಿ ಕಟ್ಟುವಾಗ ಬೆರಳುಗಳಿಗೆ ಸೂಕ್ಷ್ಮ ಕೆಲಸ ಸಿಗುತ್ತದೆ. ನೀರಿನ ಮೇಲೆ ಕಣ್ಣು ನೆಟ್ಟು ಕುಳಿತವರಿಗೆ ಮಾತಾಡಲೇಬೇಕೆಂಬ ಒತ್ತಾಯವಿಲ್ಲದೆ ಜೊತೆಗಾರರೂ ಸಿಗುತ್ತಾರೆ. ಇದು ಚಿಕಿತ್ಸೆಗೆ ಪರ್ಯಾಯವೆಂದು ಮಾತ್ರ ಎಲ್ಲೂ ಪ್ರಚಾರ ಮಾಡಬೇಡಿ.

ಮೊದಲ ಹೆಜ್ಜೆ: ಡಬ್ಬಿ ಇಡುವ ಮುನ್ನ ಮಾತಾಡಿ

ಸಂಗ್ರಹದ ಡಬ್ಬಿ ಇಡುವ ಮೊದಲು ಅದನ್ನು ಪಡೆಯುವವರು ಯಾರೆಂದು ಗೊತ್ತಿರಬೇಕು. ಮಾಜಿ ಸೈನಿಕರ ಸಂಘ, ಪುನರ್ವಸತಿ ಕೇಂದ್ರ, ಸೇನಾ ಆಸ್ಪತ್ರೆ, ಇಲ್ಲವೇ ಈಗಾಗಲೇ ಇಂಥ ಶಿಬಿರ ನಡೆಸುತ್ತಿರುವ ಸಂಸ್ಥೆ, ಇವುಗಳಲ್ಲಿ ಒಂದರ ಜೊತೆ ಕೈಜೋಡಿಸಿ. ನೇರವಾಗಿ ವ್ಯಕ್ತಿಗಳ ಮನೆ ಬಾಗಿಲು ತಟ್ಟುವುದು ಸರಿಯಲ್ಲ. ಅವರ ವೈದ್ಯಕೀಯ ವಿವರ ನಿಮಗೆ ಸೇರಿದ್ದಲ್ಲ. ಸಂಸ್ಥೆಯವರಲ್ಲಿ ಕೇಳಬೇಕಾದದ್ದು ಇಷ್ಟೇ: ಎಷ್ಟು ಜನ ಬರುತ್ತಾರೆ, ಯಾವ ನೀರಿನಲ್ಲಿ ಹಿಡಿಯುತ್ತಾರೆ, ಒಂದೇ ಕೈ ಬಳಸುವವರು, ಗಾಲಿಕುರ್ಚಿಯವರು, ದೃಷ್ಟಿ ಮಂದವಾದವರು ಎಷ್ಟು ಮಂದಿ, ಅವರ ಬಳಿ ಈಗ ಏನೇನಿದೆ. ಹೆಸರುಗಳು ಬೇಡ.

ಸಾಧ್ಯವಾದರೆ ತಂಡದಲ್ಲಿ ಒಬ್ಬ ಅಂಗವಿಕಲ ಮಾಜಿ ಸೈನಿಕರನ್ನು ಸೇರಿಸಿಕೊಳ್ಳಿ. ಅತಿಥಿಯಾಗಿ ಅಲ್ಲ, ತೀರ್ಮಾನ ಮಾಡುವವರಾಗಿ. ಕೈ ಇರುವ ಹತ್ತು ಜನ ಕೂತು ಚರ್ಚಿಸಿದರೂ ಹೊಳೆಯದ ತೊಡಕನ್ನು ಅವರು ಕೋಲು ಹಿಡಿದ ಕೂಡಲೇ ಹೇಳಿಬಿಡುತ್ತಾರೆ.

ಎರಡನೆಯದು: ಬೇಕಾದದ್ದನ್ನೂ ಬೇಡವಾದದ್ದನ್ನೂ ಬರೆಯಿರಿ

‘ಮೀನುಗಾರಿಕೆ ಸಾಮಗ್ರಿ ಏನಿದ್ದರೂ ಕೊಡಿ’ ಎಂದು ಬರೆದರೆ ‘ಏನಿದ್ದರೂ’ ಬಂದು ಬೀಳುತ್ತದೆ. ಮನವಿಯಲ್ಲಿ ಎರಡು ಪಟ್ಟಿ ಇರಲಿ. ಬೇಕಾದದ್ದು: ಪೂರ್ಣ ಸ್ಥಿತಿಯಲ್ಲಿರುವ ಕೋಲು, ತಿರುಗುವ ರೀಲು, ಸೀಲು ಒಡೆಯದ ದಾರ, ಬಳಸದ ಗಾಳ, ಬೆಂಡು, ಇಕ್ಕಳ, ಬಲೆ, ಸಾಮಾನಿನ ಡಬ್ಬಿ, ಒಳ್ಳೆಯ ಲೈಫ್ ಜಾಕೆಟ್. ಫ್ಲೈ ಫಿಶಿಂಗ್ ಆದರೆ ಒಂಬತ್ತು ಅಡಿಯ, 5 ಅಥವಾ 6ನೇ ತೂಕದ (ಕೋಲಿಗೆ ಒಗ್ಗುವ ದಾರದ ತೂಕದ ದರ್ಜೆ) ಕೋಲುಗಳನ್ನು ಹೆಸರಿಸಿಯೇ ಕೇಳಿ. ಕಲಿಯುವವರಿಗೆ ಹೆಚ್ಚಾಗಿ ಒಗ್ಗುವುದು ಅವೇ. ಬೇಡವಾದದ್ದು: ಬಳಸಿದ ತಂಗೂಸಿ ದಾರ, ತುಕ್ಕು ಹಿಡಿದ ಗಾಳ, ಹರಿದ ಲೈಫ್ ಜಾಕೆಟ್, ದಾರ ಮುಳುಗಿಸಲು ಕಟ್ಟುವ ಸೀಸದ ಗುಂಡು. ಸೀಸದ ಬಗ್ಗೆ ಕಟ್ಟುನಿಟ್ಟಾಗಿಯೇ ಇರಿ. ಹಕ್ಕಿಗಳು ಅದನ್ನು ಕಲ್ಲಿನ ಹರಳೆಂದು ನುಂಗಿ ವಿಷವೇರಿ ಸಾಯುತ್ತವೆ. ಬ್ರಿಟನ್ ಬಹುಪಾಲು ಅಳತೆಯ ಸೀಸದ ಗುಂಡುಗಳನ್ನು 1987ರಲ್ಲೇ ನಿಷೇಧಿಸಿತು. ಮೊಣಕಾಲಿನವರೆಗೆ ನೀರಿಗಿಳಿಯುವವರ ಬೂಟು ಬಂದರೆ ಅಡಿಯನ್ನು ತಿರುಗಿಸಿ ನೋಡಿ. ಫೆಲ್ಟ್ ಬಟ್ಟೆಯ ಅಡಿಯಿದ್ದರೆ ಒಂದು ಹೊಳೆಯ ಪಾಚಿಯನ್ನು ಇನ್ನೊಂದಕ್ಕೆ ಹೊತ್ತೊಯ್ಯುವ ಅಪಾಯವಿದೆ. ಡಿಡಿಮೊ ಎಂಬ ಪಾಚಿಯ ಹಾವಳಿಯಿಂದ ಬೇಸತ್ತ ನ್ಯೂಜಿಲೆಂಡ್ 2008ರಲ್ಲಿ ಅಂಥ ಬೂಟುಗಳನ್ನೇ ನಿಷೇಧಿಸಿತು.

ಸಂಗ್ರಹಕ್ಕೆ ಮೀನುಗಾರಿಕೆ ಸಾಮಗ್ರಿಯ ಅಂಗಡಿ, ಹವ್ಯಾಸಿಗಳ ಕ್ಲಬ್ಬು, ಗ್ರಂಥಾಲಯಗಳು ಒಳ್ಳೆಯ ಜಾಗ. ಕೊನೆಯ ದಿನಾಂಕ ಇರಲೇಬೇಕು. ವರ್ಷಪೂರ್ತಿ ತೆರೆದಿಟ್ಟ ಡಬ್ಬಿ ಕಸದ ಡಬ್ಬಿಯಾಗುತ್ತದೆ.

ಮೂರನೆಯದು: ಹಲ್ಲು ಎಣಿಸುವ ಕೆಲಸ

ಅತಿ ಹೆಚ್ಚು ಸಮಯ ಹಿಡಿಯುವುದು ಇದೇ. ದೊಡ್ಡ ಮೇಜು, ಒಳ್ಳೆಯ ಬೆಳಕು, ದಪ್ಪ ಕೈಗವಸು ಇಟ್ಟುಕೊಂಡು ಕೂರಿ. ಡಬ್ಬಿಗೆ ಬರಿಗೈ ಹಾಕಬೇಡಿ. ದಾನವಾಗಿ ಬಂದ ಪ್ರತಿ ಡಬ್ಬಿಯಲ್ಲೂ ಬಿಡಿ ಗಾಳವೊಂದು ಅಡಗಿಯೇ ಇರುತ್ತದೆ.

ಕೋಲಿನಿಂದ ಶುರು ಮಾಡಿ. ಎರಡು, ನಾಲ್ಕು ತುಂಡಿನ ಕೋಲುಗಳನ್ನು ಬಂದ ಕೂಡಲೇ ಒಟ್ಟಿಗೆ ಕಟ್ಟಿ ಸಂಖ್ಯೆ ಹಾಕಿ. ತುಂಡುಗಳು ಅದಲುಬದಲಾದರೆ ಎರಡು ಕೋಲೂ ಹೋದಂತೆ. ಹೆಬ್ಬೆರಳಿನ ಉಗುರನ್ನು ಬುಡದಿಂದ ತುದಿಯವರೆಗೆ ಹಗುರವಾಗಿ ಎಳೆಯಿರಿ. ಇಂಗಾಲದ ನಾರಿನ ಕೋಲಿನಲ್ಲಿ ಉಗುರಿಗೆ ತಗುಲುವ ಸಣ್ಣ ಗೀರು ಕೂಡ ಮುಂದೆ ಮುರಿಯುವ ಜಾಗ. ದಾರ ಹಾಯುವ ಉಂಗುರಗಳ ಒಳಗೆ ಹತ್ತಿ ಸುತ್ತಿದ ಕಡ್ಡಿಯನ್ನು ತಿರುಗಿಸಿ. ಕಣ್ಣಿಗೆ ಕಾಣದ ಬಿರುಕಿದ್ದರೂ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಉಂಗುರ ಹೊಸ ದಾರವನ್ನೂ ಬೇಗ ಸವೆಸಿ ಕಡಿಯುತ್ತದೆ. ತುದಿಯ ಉಂಗುರವಷ್ಟೇ ಹೋಗಿದ್ದರೆ ಕೋಲನ್ನು ಎಸೆಯಬೇಕಿಲ್ಲ. ಬಿಸಿ ಮಾಡಿದ ಅಂಟಿನಿಂದ ಹೊಸದನ್ನು ಕೂರಿಸುವುದು ಹತ್ತು ನಿಮಿಷದ ಕೆಲಸ. ಕಪ್ಪಾದ ಕಾರ್ಕಿನ ಹಿಡಿಯನ್ನು ನಯವಾದ ಮರಳು ಕಾಗದದಿಂದ ಉಜ್ಜಿದರೆ ಹೊಸದರಂತಾಗುತ್ತದೆ.

ರೀಲನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ. ಮರಳು ಜಗಿದಂತೆ ಸದ್ದು ಬಂದರೆ ಒಳಗೆ ಉಪ್ಪು ಅಥವಾ ಮಣ್ಣು ಸೇರಿದೆ. ಸಿಹಿನೀರಿನಲ್ಲಿ ಮೃದುವಾಗಿ ತೊಳೆಯಿರಿ. ರಭಸದ ನೀರು ಬೇಡ, ಅದು ಹೊರಗಿನ ಮಣ್ಣನ್ನೂ ಒಳಕ್ಕೆ ತಳ್ಳುತ್ತದೆ. ಒಣಗಿದ ಮೇಲೆ ಬೇರಿಂಗಿಗೆ ಒಂದು ಹನಿ ಎಣ್ಣೆ, ಹಲ್ಲುಚಕ್ರಕ್ಕೆ ಗ್ರೀಸು. ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಹೊರಬಿಡಬೇಕೆಂದು ಹೊಂದಿಸುವ ಡ್ರ್ಯಾಗ್ ತಿರುಪು ಬಿಗಿಯಾಗಿಯೇ ವರ್ಷಗಟ್ಟಲೆ ಇದ್ದರೆ ಒಳಗಿನ ಬಿಲ್ಲೆಗಳು ಅಂಟಿಕೊಂಡಿರುತ್ತವೆ; ಪರೀಕ್ಷೆ ಮುಗಿದ ಮೇಲೆ ನೀವೂ ಅದನ್ನು ಸಡಿಲಿಸಿಯೇ ಇಡಿ. ಹಿಡಿಕೆ ಯಾವ ಕಡೆಗಿದೆ, ಬದಲಿಸಬಹುದೇ ಎಂಬುದನ್ನು ಪ್ರತಿ ರೀಲಿನ ಚೀಟಿಯಲ್ಲಿ ಬರೆಯಿರಿ. ಕೋಲಿನ ಕೆಳಗೆ ತೂಗುವ ಸ್ಪಿನ್ನಿಂಗ್ ರೀಲುಗಳಲ್ಲಿ ಹೆಚ್ಚಿನವುಗಳ ಹಿಡಿಕೆಯನ್ನು ಎಡಕ್ಕೂ ಬಲಕ್ಕೂ ಹಾಕಬಹುದು. ಕೋಲಿನ ಮೇಲೆ ಕೂರುವ ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಆಗದು. ಬಲಗೈ ದುರ್ಬಲವಾದವರಿಗೆ ಈ ಒಂದು ಸಾಲಿನ ಚೀಟಿಯೇ ಎಲ್ಲವನ್ನೂ ನಿರ್ಧರಿಸುತ್ತದೆ.

ಹಳೆಯ ತಂಗೂಸಿ ದಾರವನ್ನು ನೋಡಲೂ ಹೋಗಬೇಡಿ, ಬಿಚ್ಚಿ ತೆಗೆಯಿರಿ. ಬಿಸಿಲು, ಶಾಖಕ್ಕೆ ಅದರ ಬಲ ಕುಂದಿರುತ್ತದೆ, ಸುರುಳಿಯ ಚಾಳಿಯೂ ಬಿಡುವುದಿಲ್ಲ. ಫ್ಲೈ ದಾರವಾದರೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಒರೆಸಿ ನೋಡಿ. ಮೇಲ್ಪದರ ಬಿರುಕು ಬಿಟ್ಟಿರದಿದ್ದರೆ ಉಳಿಯುತ್ತದೆ. ನೀರಿಗಿಳಿಯುವ ಉದ್ದ ಜಲನಿರೋಧಕ ಪ್ಯಾಂಟಿನ ತೂತು ಹುಡುಕಲು ಕತ್ತಲೆ ಕೋಣೆಯಲ್ಲಿ ಅದರೊಳಗೆ ಟಾರ್ಚ್ ಹಾಕಿ. ಬೆಳಕು ಸೋರುವಲ್ಲಿ ನೀರೂ ಸೋರುತ್ತದೆ.

ನಾಲ್ಕನೆಯದು: ಆಯಾ ಕೈಗೆ ಆಯಾ ಕೋಲು

ಒಂದೇ ಕೈ ಬಳಸುವವರಿಗೆ ಎದೆಗೆ ಅಥವಾ ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿ ಇದೆ. ಕೋಲಿನ ಬುಡ ಅದರಲ್ಲಿ ಕೂತರೆ ಇರುವ ಕೈ ರೀಲು ತಿರುಗಿಸಲು ಬಿಡುವಾಗುತ್ತದೆ. ಗುಂಡಿ ಒತ್ತಿದರೆ ದಾರ ಸುತ್ತುವ ವಿದ್ಯುತ್ ರೀಲುಗಳೂ ಇವೆ. ಆದರೆ ಅವು ಭಾರ. ತೋಳಿನ ಬಲ ಕಡಿಮೆ ಇದ್ದವರಿಗೆ ಕೋಲನ್ನು ತಾನೇ ಹಿಡಿದು ನಿಲ್ಲಿಸುವ ಸ್ಟ್ಯಾಂಡ್ ಜೊತೆಗಿರಬೇಕು. ಹಿಡಿತ ಸಡಿಲವಾದವರಿಗೆ ಹಿಡಿಯ ಸುತ್ತ ಸ್ಪಂಜು ಸುತ್ತಿ ದಪ್ಪ ಮಾಡಿದರೆ ಸಾಕಾಗುತ್ತದೆ. ಕೃತಕ ಕೈ ಇರುವವರ ವಿಷಯದಲ್ಲಿ ಮಾತ್ರ ನಿಮ್ಮ ಕೈಚಳಕ ಬೇಡ. ಅದನ್ನು ರೂಪಿಸಿದ ತಜ್ಞರನ್ನೇ ಕೇಳಿ.

ತಲೆಗೆ ಪೆಟ್ಟಾದವರಿಗೆ ಸಾಲು ಸಾಲು ಹಂತಗಳು ನೆನಪಿನಲ್ಲಿ ಉಳಿಯದಿರಬಹುದು. ಗಂಟು ಹಾಕಿಯೇ ಸಿದ್ಧಪಡಿಸಿದ ದಾರದ ತುಂಡುಗಳು, ಬಣ್ಣದಿಂದ ಗುರುತಿಸಿದ ಡಬ್ಬಿಗಳು ಅವರಿಗೆ ದೊಡ್ಡ ನೆರವು. ಕಣ್ಣು ಕಾಣದವರಿಗೆ ಕೋಲಿನ ತುದಿಯ ಪುಟ್ಟ ಗಂಟೆ ಮೀನು ಕಚ್ಚಿದ್ದನ್ನು ತಿಳಿಸುತ್ತದೆ. ಪಳಗಿದವರು ದಾರದ ಮೇಲೆ ಬೆರಳಿಟ್ಟೇ ಅರಿಯುತ್ತಾರೆ. ಎಲ್ಲರಿಗೂ ಅನ್ವಯಿಸುವ ಒಂದು ಮಾತು: ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿಬಿಡಿ. ಮೀನಿನ ಬಾಯಿಂದಲೂ ಮನುಷ್ಯರ ಬೆರಳಿನಿಂದಲೂ ಅದು ಸಲೀಸಾಗಿ ಹೊರಬರುತ್ತದೆ. ಕಾಲಿನಲ್ಲಿ ಸ್ಪರ್ಶವಿಲ್ಲದವರಿಗೆ ಗಾಳ ಚುಚ್ಚಿದ್ದೇ ತಿಳಿಯದಿರಬಹುದು.

ಐದನೆಯದು: ಹಣ

ಕೋಲು ಬಿಟ್ಟಿಯಾಗಿ ಬರುತ್ತದೆ, ದಾರ ಬರುವುದಿಲ್ಲ. ಪರವಾನಗಿ ಶುಲ್ಕ, ಗಾಲಿಕುರ್ಚಿ ಏರಿಸಬಲ್ಲ ವಾಹನ, ವಿಮೆ, ಪ್ರಥಮ ಚಿಕಿತ್ಸೆ, ಗಾಲಿಕುರ್ಚಿ ಒಳಹೋಗುವ ಶೌಚಾಲಯದ ವ್ಯವಸ್ಥೆ, ಇವೂ ಬರುವುದಿಲ್ಲ. ಹಣಕ್ಕಾಗಿ ಮನವಿ ಮಾಡುವಾಗ ಈ ಬಾಬ್ತುಗಳನ್ನೇ ಬಿಡಿಸಿ ಬರೆಯಿರಿ. ‘ಯೋಧರಿಗೆ ನೆರವಾಗಿ’ ಎಂಬ ಮಾತಿಗಿಂತ ‘ಒಬ್ಬರ ಒಂದು ದಿನದ ವಾಹನ ವೆಚ್ಚ’ ಎಂಬ ಸಾಲಿಗೆ ದಾನಿಗಳು ಹೆಚ್ಚು ಓಗೊಡುತ್ತಾರೆ.

ಪ್ರತ್ಯೇಕ ಬ್ಯಾಂಕ್ ಖಾತೆ, ಇಬ್ಬರ ಸಹಿ, ಪ್ರತಿ ದೇಣಿಗೆಗೂ ರಸೀದಿ. ಇದರಲ್ಲಿ ಸ್ನೇಹ, ನಂಬಿಕೆ ಎಂದು ರಿಯಾಯಿತಿ ಬೇಡ. ಸೈನಿಕರ ಹೆಸರಿನಲ್ಲಿ ಹಣ ಎತ್ತುವವರ ಮೇಲೆ ಜನರಿಗೆ ಸಂಶಯ ಬರಲು ಕಾರಣವಿದೆ: ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ರಾಜ್ಯಗಳ ಜೊತೆ ಸೇರಿ, ಮಾಜಿ ಸೈನಿಕರ ಹೆಸರು ಹೇಳಿ ವಂಚಿಸುತ್ತಿದ್ದವರ ವಿರುದ್ಧ ‘ಆಪರೇಷನ್ ಡೊನೇಟ್ ವಿತ್ ಆನರ್’ ಎಂಬ ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು. ರಸೀದಿಯ ಭಾಷೆಯಲ್ಲೂ ಎಚ್ಚರ ಬೇಕು. ಅಮೆರಿಕದಲ್ಲಿ 250 ಡಾಲರ್ ಮತ್ತು ಮೇಲ್ಪಟ್ಟ ಕೊಡುಗೆಗೆ ತೆರಿಗೆ ವಿನಾಯಿತಿ ಪಡೆಯಲು ಸಂಸ್ಥೆಯ ಲಿಖಿತ ಸ್ವೀಕೃತಿ ಇರಲೇಬೇಕು. ವಸ್ತುವಿನ ರೂಪದ ದಾನವಾದರೆ ಸ್ವೀಕೃತಿಯಲ್ಲಿ ವಸ್ತುವಿನ ವಿವರ ಸಾಕು. ಅದರ ಬೆಲೆ ಕಟ್ಟುವ ಹೊಣೆ ದಾನಿಯದು. ನಿಮ್ಮಲ್ಲಿನ ನಿಯಮ ಬೇರೆಯಿದ್ದೀತು, ಲೆಕ್ಕಪರಿಶೋಧಕರೊಬ್ಬರನ್ನು ಮೊದಲೇ ಕೇಳಿ. ಅದೃಷ್ಟ ಚೀಟಿ ಎತ್ತುವ ಯೋಜನೆಯಿದ್ದರಂತೂ ಅನುಮತಿ ಇಲ್ಲದೆ ಹೆಜ್ಜೆ ಇಡಬೇಡಿ; ಹಲವೆಡೆ ಕಾನೂನು ಅದನ್ನು ಲಾಟರಿಯೆಂದೇ ಕಾಣುತ್ತದೆ.

ಹಣ ತರುವ ದಾರಿಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಹರಾಜು. ಶಿಬಿರದವರೇ ಕಟ್ಟಿದ ನೊಣಗಳ ಪೆಟ್ಟಿಗೆ, ಅನುಭವಿ ಮೀನುಗಾರರೊಬ್ಬರ ಜೊತೆ ಒಂದು ದಿನ, ಇಂಥವು ಒಳ್ಳೆಯ ಮೊತ್ತಕ್ಕೆ ಹೋಗುತ್ತವೆ. ಸಂಗ್ರಹದಲ್ಲಿ ಕೈಯಿಂದ ಮಾಡಿದ ಹಳೆಯ ಬಿದಿರಿನ ಫ್ಲೈ ಕೋಲು ಬಂದರೆ ಅದನ್ನು ಕಲಿಯುವವರ ಕೈಗೆ ಕೊಡುವ ಮುನ್ನ ಬಲ್ಲವರಿಗೆ ತೋರಿಸಿ. ಹಳೆಯ ವಸ್ತು ಸಂಗ್ರಹಿಸುವವರು ಅಂಥದ್ದಕ್ಕೆ ದೊಡ್ಡ ಬೆಲೆ ಕೊಡುವುದುಂಟು. ಮಾರುವ ಮೊದಲು ದಾನಿಯನ್ನು ಕೇಳಿ. ಅಪ್ಪನ ಕೋಲು ನೀರಿಗೇ ಇಳಿಯಲಿ ಎಂದು ಮಗಳು ಬಯಸಿದ್ದರೆ ಆ ಮಾತೇ ನಡೆಯಬೇಕು.

ಕೊಡುವ ದಿನ

ವೇದಿಕೆ, ಹಾರ, ಭಾಷಣ ಬೇಡ. ಸಾಲಾಗಿ ನಿಲ್ಲಿಸಿ ಕೋಲು ಹಂಚುವ ಫೋಟೊವಂತೂ ಬೇಡವೇ ಬೇಡ; ಫೋಟೊ ಬೇಕೇಬೇಕೆಂದರೆ ಒಬ್ಬೊಬ್ಬರ ಒಪ್ಪಿಗೆಯನ್ನೂ ಬೇರೆಯಾಗಿ ಪಡೆಯಿರಿ. ಪಟಾಕಿ, ಗದ್ದಲದ ಧ್ವನಿವರ್ಧಕ ದೂರವಿರಲಿ. ಸ್ವಯಂಸೇವಕರಿಗೆ ಮೊದಲೇ ಹೇಳಿ: ಹಿಂದಿನಿಂದ ಬಂದು ಹೆಗಲು ಮುಟ್ಟಬಾರದು, ಗಾಯ ಹೇಗಾಯಿತೆಂದು ಕೇಳಬಾರದು, ಕೇಳದೆ ಗಾಲಿಕುರ್ಚಿ ತಳ್ಳಬಾರದು.

ನೀರಿನ ದಂಡೆಯ ಕಟ್ಟೆಗೆ ಅಂಚುತಡೆ ಇರಬೇಕು, ಗಾಲಿಕುರ್ಚಿಯ ಬ್ರೇಕ್ ಹಾಕಿರಬೇಕು. ಆದರೆ ದೋಣಿಯಲ್ಲಾಗಲಿ ದಂಡೆಯಲ್ಲಾಗಲಿ ಅವರನ್ನು ಕುರ್ಚಿಗೆ ಬೆಲ್ಟಿನಿಂದ ಬಿಗಿಯಬೇಡಿ. ಉರುಳಿದರೆ ಕುರ್ಚಿ ಅವರನ್ನೂ ತಳಕ್ಕೆ ಎಳೆಯುತ್ತದೆ. ಕಾಲು ಕಳೆದುಕೊಂಡವರ ದೇಹ ನೀರಿನಲ್ಲಿ ತೇಲುವ ಸಮತೋಲವೇ ಬೇರೆ. ಲೈಫ್ ಜಾಕೆಟನ್ನು ಆಳವಿಲ್ಲದ ನೀರಿನಲ್ಲಿ ಮೊದಲು ಪರೀಕ್ಷಿಸಿ. ಬೆನ್ನುಹುರಿಗೆ ಪೆಟ್ಟಾದವರ ಮೈ ಬಿಸಿಲಿನ ಶಾಖವನ್ನು ಸರಿಯಾಗಿ ನಿಭಾಯಿಸಲಾರದು, ನೆರಳು ಮತ್ತು ನೀರು ಕೈಯಳತೆಯಲ್ಲಿರಲಿ. ಇಂಗಾಲದ ಕೋಲು ವಿದ್ಯುತ್ ಹರಿಸುತ್ತದೆ, ಮೇಲೆ ತಂತಿ ಹಾದಿರುವ ಜಾಗವನ್ನು ಆರಿಸಬೇಡಿ.

ಕೋಲು ಕೊಟ್ಟ ಮೇಲೆ ಅದು ಅವರದು. ಮೀನು ಹಿಡಿಯದೆ ಮನೆಯಲ್ಲೇ ಇಟ್ಟುಕೊಂಡರೂ, ಮೊಮ್ಮಗನಿಗೆ ಕೊಟ್ಟರೂ ಕೇಳುವ ಹಕ್ಕು ನಿಮಗಿಲ್ಲ. ನಿಮ್ಮ ಕೆಲಸ ದಾರ, ಗಾಳಗಳ ಮುಂದಿನ ಕಂತು ಸಿದ್ಧವಾಗಿಡುವುದು ಮತ್ತು ಕೆಟ್ಟ ರೀಲನ್ನು ಯಾರ ಬಳಿ ತರಬೇಕೆಂಬ ಫೋನ್ ಸಂಖ್ಯೆಯನ್ನು ಕೋಲಿನ ಚೀಲದಲ್ಲೇ ಹಾಕಿಡುವುದು. ದಾನಿಗಳಿಗೆ ತಿಂಗಳೊಳಗೆ ಜಮಾ-ಖರ್ಚಿನ ಒಂದು ಪುಟ ಕಳಿಸಿ. ಉಪಯೋಗಕ್ಕೆ ಬಾರದೆ ಉಳಿದ ಸಾಮಗ್ರಿ ಎಷ್ಟು, ಅದನ್ನೇನು ಮಾಡಿದಿರಿ ಎಂಬುದೂ ಅದರಲ್ಲಿರಲಿ. ಬಿಚ್ಚಿ ತೆಗೆದ ಹಳೆಯ ದಾರವನ್ನು ಮರುಬಳಕೆಗೆ ಕೊಡುವ ಏರ್ಪಾಡಿಲ್ಲದಿದ್ದರೆ ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಕಸಕ್ಕೆ ಕೊಡಿ. ಇಡಿಯಾಗಿ ಎಸೆದರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.